ಮಗುವನ್ನು ಯಾರ ಕೈಗೆ ಒಪ್ಪಿಸುತ್ತಿದ್ದೇವೆ?

ಭೀಮಾ ನದಿಯ ದಂಡೆಯ ಸನ್ನತಿಗೆ ಹೋದವರು ಸಾಮಾನ್ಯವಾಗಿ ಚಂದ್ರಲಾಂಬೆಯ ದರ್ಶನ ಮುಗಿಸಿ, ಅಶೋಕನ ಶಾಸನದ ಕಲ್ಲನ್ನೂ ಕನಗನಹಳ್ಳಿಯ ಸ್ತೂಪದ ಅವಶೇಷಗಳನ್ನೂ ನೋಡಿ ಹಿಂದಿರುಗುತ್ತಾರೆ. ಸೇವೆಯಲ್ಲಿದ್ದಾಗ ನಾನೂ ಹಾಗೆಯೇ ಮಾಡಿದವನು. ಕಳೆದ ಚಳಿಗಾಲದಲ್ಲಿ ಮಾತ್ರ ಆ ಸೀಮೆಯ ಒಂದು ಅಂಗನವಾಡಿಯ ಮೂಲೆಯಲ್ಲಿ, ಶಹಾಬಾದ್ ಪರ್ಸಿಯ ತಣ್ಣನೆಯ ನೆಲದ ಮೇಲೆ, ಮೂರು ದಿನ ಕುಳಿತಿದ್ದೆ. ಅಲ್ಲಿಗೆ ನನ್ನನ್ನು ಕರೆದೊಯ್ದವಳು ನನ್ನ ತಂಗಿಯ ಮೊಮ್ಮಗಳು.

ವಾಡಿಯ ಸಿಮೆಂಟ್ ಕಾರ್ಖಾನೆಯ ದೂಳಿನ ನಡುವೆ ಬೆಳೆದ ಈ ಹುಡುಗಿ ದೂರದ ನಗರವೊಂದರಲ್ಲಿ ಶಿಶು ಶಿಕ್ಷಣದ ಪದವಿ ಓದುತ್ತಿದ್ದಾಳೆ. ‘ಸಣ್ಣ ಮಕ್ಕಳಿಗೆ ಕಲಿಸೋದಕ್ಕೂ ಡಿಗ್ರಿ ಬೇಕೇನು?’ ಎಂದು ಬಂಧುಗಳು ನಕ್ಕಿದ್ದರು. ನಾನು ನಗಲಿಲ್ಲ, ಆದರೆ ಮನಸ್ಸಿನಲ್ಲಿ ಅದೇ ಪ್ರಶ್ನೆ ಇತ್ತು. ಅವಳ ಪಠ್ಯಕ್ರಮದಲ್ಲಿ ಆರು ವಾರಗಳ ಪ್ರಾಯೋಗಿಕ ತರಬೇತಿ ಕಡ್ಡಾಯ. ಸಹಪಾಠಿಗಳೆಲ್ಲ ನಗರದ ಖಾಸಗಿ ನರ್ಸರಿಗಳನ್ನು ಆಯ್ದುಕೊಂಡರೆ, ಇವಳು ತನ್ನೂರಿನ ಕಡೆಯ ಅಂಗನವಾಡಿ ಬೇಕೆಂದು ಹಟ ಹಿಡಿದು ಅನುಮತಿ ಪಡೆದಳು.

ಅಲ್ಲಿ ನಾಲ್ಕು ವರ್ಷದ ಒಂದು ಹೆಣ್ಣು ಮಗು. ಎರಡು ವಾರ ಕಳೆದರೂ ಬಾಯಿ ಬಿಟ್ಟಿರಲಿಲ್ಲ. ಹುಡುಗಿ ತನ್ನ ವೀಕ್ಷಣಾ ದಿನಚರಿಯಲ್ಲಿ, ಪುಸ್ತಕದಲ್ಲಿ ಓದಿದ್ದಂತೆಯೇ, ‘ಮಾತಿನ ಬೆಳವಣಿಗೆಯಲ್ಲಿ ವಿಳಂಬ ಇರಬಹುದು’ ಎಂದು ಬರೆದಿದ್ದಳು. ಅದನ್ನು ಕೇಳಿದ ಅಂಗನವಾಡಿ ಕಾರ್ಯಕರ್ತೆ ನಕ್ಕುಬಿಟ್ಟರು. ‘ಮೂಕಿ ಅಲ್ಲ ಬಿಡ್ರಿ ಅಕಿ. ಮನ್ಯಾಗ ಲಂಬಾಣಿ ಮಾತಾಡ್ತಾರ. ನಮ್ಮ ಮಾತು ಅಕಿಗಿ ಇನ್ನಾ ತಿಳಿಯಲ್ಲ’ ಎಂದರು. ತಾಂಡಾದಿಂದಲೇ ಬರುತ್ತಿದ್ದ ಸಹಾಯಕಿಯನ್ನು ಮಗುವಿನ ಪಕ್ಕ ಕೂರಿಸಿದರು. ಸ್ವಲ್ಪ ಹೊತ್ತಿನಲ್ಲೇ ಆ ಮಗು ತನ್ನ ಮನೆಯ ಆಡುಗಳ ಸುದ್ದಿ, ಪುಣೆಗೆ ದುಡಿಯಲು ಹೋದ ಅಪ್ಪನ ಸುದ್ದಿ, ಎಲ್ಲವನ್ನೂ ಒಂದೇ ಸಮನೆ ಹೇಳತೊಡಗಿತು. ಹುಡುಗಿ ದಿನಚರಿಯ ಆ ಸಾಲನ್ನು ಹೊಡೆದುಹಾಕಿದಳು.

ಕಲಿಕೆ ಒಂದೇ ದಿಕ್ಕಿನಲ್ಲಿ ನಡೆಯಲಿಲ್ಲ. ಪಾಲಕರ ಒತ್ತಾಯಕ್ಕೆ ಮಣಿದು ಆ ಕಾರ್ಯಕರ್ತೆ ಮೂರು ವರ್ಷದ ಮಕ್ಕಳಿಗೂ ಪಾಟಿಯ ಮೇಲೆ ಅಆಇಈ ತಿದ್ದಿಸುತ್ತಿದ್ದರು. ಹುಡುಗಿ ಹೊಳೆಯ ನುಣುಪು ಹರಳುಗಳನ್ನೂ ಒಣಗಿದ ತೊಗರಿಕಾಯಿಗಳನ್ನೂ ತಂದು ಸುರಿದಳು. ದೊಡ್ಡದು–ಸಣ್ಣದು ವಿಂಗಡಿಸುವುದು, ಕಾಯಿ ಬಿಡಿಸುವುದು, ಎಣಿಸುವುದು: ಬೆರಳುಗಳು ಹೀಗೆ ಪಳಗಿದ ಮೇಲಷ್ಟೇ ಬಳಪ ಹಿಡಿಯಲು ಸಜ್ಜಾಗುತ್ತವೆ ಎಂಬುದನ್ನು ಮಾಡಿ ತೋರಿಸಿದಳು. ‘ಇಪ್ಪತ್ತು ವರ್ಷದಾಗ ಇದು ಯಾರೂ ನಮಗ ಹೇಳಿಲ್ರಿ’ ಎಂದು ಕಾರ್ಯಕರ್ತೆ ನನ್ನತ್ತ ತಿರುಗಿ ಹೇಳಿದರು. ಅದರಲ್ಲಿ ದೂರಿನ ದನಿ ಇರಲಿಲ್ಲ. ಆದರೂ ನನಗೆ ಚುಚ್ಚಿತು.

ಏಕೆಂದರೆ, ಹೇಳಬೇಕಾಗಿದ್ದವರ ಸಾಲಿನಲ್ಲಿ ನಾನೂ ಇದ್ದೆ. ಆಡಳಿತ ಸೇವೆಯಲ್ಲಿದ್ದಾಗ ನಾನು ಅಂಗನವಾಡಿಗಳ ಎಷ್ಟೋ ಪ್ರಗತಿ ಪರಿಶೀಲನಾ ಸಭೆಗಳನ್ನು ನಡೆಸಿದ್ದೇನೆ. ಎಷ್ಟು ಕೇಂದ್ರಗಳಿಗೆ ಸ್ವಂತ ಕಟ್ಟಡವಿದೆ, ಎಷ್ಟು ಮಕ್ಕಳ ತೂಕ ನೋಡಲಾಗಿದೆ, ಆಹಾರ ಧಾನ್ಯ ತಲುಪಿದೆಯೇ ಎಂದು ಕೇಳಿದ್ದೇನೆ. ಇವು ಅನಗತ್ಯ ಪ್ರಶ್ನೆಗಳೆಂದು ಇಂದಿಗೂ ಹೇಳಲಾರೆ. ಆದರೆ ಬೆಳಗಿನ ಆ ಮೂರು ಗಂಟೆಗಳಲ್ಲಿ ಮಗುವಿನೊಡನೆ ಯಾರು, ಏನು, ಹೇಗೆ ಮಾತನಾಡುತ್ತಾರೆ ಎಂದು ಒಮ್ಮೆಯೂ ಕೇಳಲಿಲ್ಲ. ನಮೂನೆಯಲ್ಲಿ ಅದಕ್ಕೆ ಅಂಕಣವಿರಲಿಲ್ಲ. ಅಂಕಣವಿಲ್ಲದ್ದು ನಮ್ಮ ಕಣ್ಣಿಗೆ ಬೀಳುತ್ತಿರಲಿಲ್ಲ.

ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಪ್ರಾಯೋಗಿಕವಾಗಿ ಆರಂಭವಾಯಿತು. ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರಕ್ಕೆ. ಇಂದು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಯೋಜನೆಯ ಆರು ಸೇವೆಗಳಲ್ಲಿ ಶಾಲಾಪೂರ್ವ ಶಿಕ್ಷಣವೂ ಒಂದು. ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಶಿಫಾರಸು, ತಾಯಂದಿರಿಗೆ ತಿಳಿವಳಿಕೆ – ಇವು ಉಳಿದ ಐದು. ಈ ಆರಕ್ಕೂ ಸೇರಿ ಕಾರ್ಯಕರ್ತೆಯರಿಗೆ ದೀರ್ಘ ಕಾಲ ದೊರೆಯುತ್ತಿದ್ದ ಮೂಲ ತರಬೇತಿ 26 ಕೆಲಸದ ದಿನಗಳದ್ದು. ಪ್ರೌಢಶಾಲೆಯ ಶಿಕ್ಷಕನಾಗಲು ಪದವಿಯ ಮೇಲೆ ಎರಡು ವರ್ಷದ ಬಿ.ಇಡಿ. ಕೇಳುವ ನಾವು, ಮಿದುಳು ಅತ್ಯಂತ ವೇಗವಾಗಿ ಬೆಳೆಯುವ ವಯಸ್ಸಿನ ಮಗುವಿನ ಶಿಕ್ಷಕಿಗೆ ಕೊಟ್ಟ ಅವಧಿ ಸುಮಾರು ಒಂದು ತಿಂಗಳು ಮಾತ್ರ.

ಹಿಂದಿನವರಿಗೆ ಇದರ ಮಹತ್ವ ತಿಳಿದಿರಲಿಲ್ಲವೆಂದಲ್ಲ. 1920ರಲ್ಲಿ ಗುಜರಾತಿನ ಭಾವನಗರದಲ್ಲಿ ಬಾಲಮಂದಿರ ತೆರೆದ ಗಿಜುಭಾಯಿ ಬಧೇಕಾ, ಕೆಲವೇ ವರ್ಷಗಳಲ್ಲಿ ಅದರ ಜೊತೆಗೇ ಶಿಕ್ಷಕರ ತರಬೇತಿ ಕೇಂದ್ರವನ್ನೂ ಕಟ್ಟಿದರು. ಅವರ ಸಹವರ್ತಿ ತಾರಾಬಾಯಿ ಮೋಡಕ್, 1945ರಲ್ಲಿ ಮಹಾರಾಷ್ಟ್ರದ ಬೋರ್ಡಿ ಗ್ರಾಮಕ್ಕೆ ಹೋದರು. ಅನುತಾಯಿ ವಾಘ್ ಜೊತೆಗೂಡಿದರು. ಮಕ್ಕಳು ಬಾಲವಾಡಿಗೆ ಬಾರದಿದ್ದಾಗ ಬಾಲವಾಡಿಯನ್ನೇ ಅವರ ಅಂಗಳಕ್ಕೆ ಒಯ್ದರು. ‘ಅಂಗನವಾಡಿ’ ಎಂಬ ಪರಿಕಲ್ಪನೆಯ ಬೇರು ಅಲ್ಲಿದೆ. ಸರ್ಕಾರ ಆ ಹೆಸರನ್ನು ತೆಗೆದುಕೊಂಡಿತು. ಶಿಕ್ಷಕಿಯನ್ನು ಮಕ್ಕಳ ನಡುವೆಯೇ ಇಟ್ಟು ತಯಾರು ಮಾಡುವ ಅವರ ಶ್ರಮವನ್ನು ಮಾತ್ರ ಅಷ್ಟೇ ಶ್ರದ್ಧೆಯಿಂದ ತೆಗೆದುಕೊಳ್ಳಲಿಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಒಂದು ಲೆಕ್ಕವನ್ನೂ ಮುಂದಿಡಬೇಕು. 1960ರ ದಶಕದಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಇಪ್ಸಿಲಾಂಟಿ ಎಂಬ ಊರಿನಲ್ಲಿ 123 ಬಡ ಕಪ್ಪು ಮಕ್ಕಳನ್ನು ಒಳಗೊಂಡ ‘ಪೆರ್ರಿ’ ಶಾಲಾಪೂರ್ವ ಪ್ರಯೋಗ ನಡೆಯಿತು. ಆ ಮಕ್ಕಳು ನಡುವಯಸ್ಸಿಗೆ ಬರುವವರೆಗೂ ಅವರ ಬದುಕನ್ನು ಗಮನಿಸಲಾಯಿತು. 2000ದ ನೊಬೆಲ್ ಪುರಸ್ಕೃತ ಅರ್ಥಶಾಸ್ತ್ರಜ್ಞ ಜೇಮ್ಸ್ ಹೆಕ್‌ಮನ್ ಮತ್ತು ಅವರ ಸಂಗಡಿಗರ ಅಂದಾಜಿನಂತೆ, ಅಲ್ಲಿ ಹೂಡಿದ ಹಣ ಸಮಾಜಕ್ಕೆ ವರ್ಷಕ್ಕೆ ಶೇ 7ರಿಂದ 10ರಷ್ಟು ಪ್ರತಿಫಲ ನೀಡಿತು. ಈ ಅಂಕಿಯನ್ನು ನಮ್ಮ ಯೋಜನಾ ದಾಖಲೆಗಳು ಆಗಾಗ ಉಲ್ಲೇಖಿಸುತ್ತವೆ. ಆದರೆ ಆ ಪ್ರಯೋಗದ ಶಿಕ್ಷಕಿಯರು ಪದವೀಧರರಾಗಿದ್ದರು, ಪ್ರತಿಯೊಬ್ಬರ ಪಾಲಿಗೆ ಬೆರಳೆಣಿಕೆಯ ಮಕ್ಕಳಿದ್ದರು, ವಾರಕ್ಕೊಮ್ಮೆ ಅವರು ಮಗುವಿನ ಮನೆಗೆ ಹೋಗಿ ತಾಯಿಯೊಡನೆ ಕೂರುತ್ತಿದ್ದರು ಎಂಬುದನ್ನು ಅಷ್ಟಾಗಿ ಹೇಳುವುದಿಲ್ಲ. ಬಿತ್ತನೆಗೆ ಖರ್ಚು ಮಾಡದೆ ಇಳುವರಿಯ ಲೆಕ್ಕ ಬರೆದರೆ ಆಗುವುದೇನು ಎಂಬುದನ್ನು ತೊಗರಿ ಬೆಳೆಯುವ ನಮ್ಮ ರೈತರು ಚೆನ್ನಾಗಿ ಬಲ್ಲರು.

ಕಾಯ್ದೆ–ನೀತಿಗಳ ಕೊರತೆ ನಮಗಿಲ್ಲ. 2002ರ 86ನೇ ತಿದ್ದುಪಡಿಯು ಆರು ವರ್ಷದೊಳಗಿನ ಎಲ್ಲ ಮಕ್ಕಳ ಪಾಲನೆ ಮತ್ತು ಶಿಕ್ಷಣಕ್ಕೆ ಪ್ರಭುತ್ವ ಯತ್ನಿಸಬೇಕೆಂದು ಸಂವಿಧಾನದ 45ನೇ ವಿಧಿಯಲ್ಲಿ ಬರೆಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನ ಕಲಿಕೆಯನ್ನು ಬುನಾದಿ ಹಂತವೆಂದು ಕರೆಯಿತು. ಪಿಯುಸಿ ಓದಿದ ಕಾರ್ಯಕರ್ತೆಗೆ ಆರು ತಿಂಗಳ, ಅದಕ್ಕಿಂತ ಕಡಿಮೆ ಓದಿದವರಿಗೆ ಒಂದು ವರ್ಷದ ತರಬೇತಿ ಎಂದು ಸೂಚಿಸಿದ್ದೂ ಅದೇ ನೀತಿ. ಅದರ ಬಹುಭಾಗವನ್ನು ದೂರದರ್ಶನ ಹಾಗೂ ಮೊಬೈಲ್ ಮೂಲಕ ನೀಡಬಹುದೆಂಬ ಯೋಚನೆ ನೀತಿಯಲ್ಲಿದೆ. ಲಂಬಾಣಿ ಮಗುವಿನ ಮೌನವನ್ನು ಓದುವ ವಿದ್ಯೆ ಪರದೆಯ ಮೇಲೆ ಬರುವಂಥದಲ್ಲ. ಅದು ಅನುಭವಿಯೊಬ್ಬಳ ಪಕ್ಕದಲ್ಲಿ ಕುಳಿತು ಕಲಿಯಬೇಕಾದದ್ದು.

ಕಲ್ಯಾಣ ಕರ್ನಾಟಕದಲ್ಲಿ ಈ ಮಾತಿಗೆ ವಿಶೇಷ ತುರ್ತಿದೆ. 2002ರಲ್ಲಿ ವರದಿ ಸಲ್ಲಿಸಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ಈ ವಿಭಾಗದವು. ಸೇಡಂ ಗಡಿಯಲ್ಲಿ ತೆಲುಗು, ಶಹಾಬಾದ್ ಓಣಿಗಳಲ್ಲಿ ಉರ್ದು, ಚಿಂಚೋಳಿ–ಚಿತ್ತಾಪುರದ ತಾಂಡಾಗಳಲ್ಲಿ ಲಂಬಾಣಿ ಮಾತನಾಡುತ್ತ ಬರುವ ಮಕ್ಕಳಿಗೆ ಬೇಕಾದದ್ದು ಹೆಚ್ಚು ನುರಿತ ಶಿಕ್ಷಕಿ. 2024ರಲ್ಲಿ ಸರ್ಕಾರ ಇಲ್ಲಿನ ಆಯ್ದ ಶಾಲೆಗಳಲ್ಲಿ ಎಲ್‌ಕೆಜಿ–ಯುಕೆಜಿ ತೆರೆಯಲು ಹೊರಟಾಗ, ತಮ್ಮ ಮಕ್ಕಳೂ ಕೆಲಸವೂ ಕೈತಪ್ಪುತ್ತವೆಂದು ಅಂಗನವಾಡಿ ಕಾರ್ಯಕರ್ತೆಯರು ಬೀದಿಗಿಳಿದರು. ಮಗು ಯಾವ ಇಲಾಖೆಗೆ ಸೇರಬೇಕೆಂಬ ಜಗ್ಗಾಟದಲ್ಲಿ, ಮಗುವಿನ ಮುಂದೆ ಕೂರುವವರ ಸಿದ್ಧತೆ ಏನೆಂಬ ಪ್ರಶ್ನೆ ಹಿಂದೆ ಸರಿಯಿತು.

ಮಾಡಬಹುದಾದ್ದು ಅಸಾಧ್ಯವಾದುದೇನಲ್ಲ. ಮೊದಲನೆಯದಾಗಿ, ಶಿಶು ಶಿಕ್ಷಣದ ಡಿಪ್ಲೊಮಾ, ಪದವಿ ಓದುವ ಪ್ರತಿಯೊಬ್ಬರೂ ಒಂದು ಸೆಮಿಸ್ಟರನ್ನಾದರೂ ಹಿಂದುಳಿದ ತಾಲ್ಲೂಕಿನ ಅಂಗನವಾಡಿಯಲ್ಲಿ ಕಳೆಯುವಂತಾಗಲಿ. ವೈದ್ಯ ವಿದ್ಯಾರ್ಥಿಗಳಿಗಿರುವಂತೆ ಅದಕ್ಕೊಂದು ಶಿಷ್ಯವೇತನ, ತಂಗಲು ಸುರಕ್ಷಿತ ಜಾಗ ಇರಲಿ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಸಮುದಾಯ ವಿಜ್ಞಾನ ವಿದ್ಯಾರ್ಥಿಗಳಿಗೆ ಗ್ರಾಮೀಣ ಕಾರ್ಯಾನುಭವ ಪಠ್ಯದ ಅಂಗವೇ ಆಗಿದೆ. ಮಾದರಿಗೆ ದೂರ ಹೋಗಬೇಕಿಲ್ಲ. ಎರಡನೆಯದಾಗಿ, ಆ ವಿದ್ಯಾರ್ಥಿಗಳಿಗೆ ಕಲಿಸುವ ಹಿರಿಯ ಕಾರ್ಯಕರ್ತೆಯನ್ನು ಮಾರ್ಗದರ್ಶಕಿ ಎಂದು ಗುರುತಿಸಿ ಅದಕ್ಕೆ ಪ್ರತ್ಯೇಕ ಸಂಭಾವನೆ ಕೊಡಬೇಕು. ಮೂರನೆಯದಾಗಿ, ಆಕೆ ತನ್ನ ಅಂಗನವಾಡಿಯನ್ನೇ ಪ್ರಯೋಗಶಾಲೆಯಾಗಿಸಿಕೊಂಡು, ಕೆಲಸ ಬಿಡದೆ ಪದವಿಯವರೆಗೂ ಓದಲು ಹಾದಿ ತೆರೆಯಬೇಕು. ಕೊನೆಯದಾಗಿ, ಹೀಗೆ ಓದಿದವರಿಗೆ ಹುದ್ದೆ ಬೇಕು. 371(ಜೆ) ವಿಧಿಯಿಂದ ಈ ಭಾಗದ ಮಕ್ಕಳಿಗೆ ಸೀಟಿನಲ್ಲೂ ನೌಕರಿಯಲ್ಲೂ ಮೀಸಲಾತಿ ಸಿಕ್ಕಿದೆ. ಆದರೆ ಇಲ್ಲದ ಹುದ್ದೆಯಲ್ಲಿ ಮೀಸಲಾತಿ ಪಡೆಯುವುದು ಹೇಗೆ?

ಇದಕ್ಕೆಲ್ಲ ಹಣವೆಲ್ಲಿ ಎಂದು ಹಣಕಾಸು ಇಲಾಖೆ ಕೇಳುತ್ತದೆ. ಕೇಳಲೇಬೇಕು, ನಾನೂ ಕೇಳಿದವನೇ. ಒಂದನೇ ತರಗತಿಗೆ ಬರುವ ಮೊದಲೇ ಹಿಂದೆ ಬಿದ್ದ ಮಗುವನ್ನು ಮುಂದಿನ ಹತ್ತು ವರ್ಷ ಎಳೆದು ಸರಿಗಟ್ಟಿಸಲು ನಾವು ಈಗಾಗಲೇ ಮಾಡುತ್ತಿರುವ ವೆಚ್ಚವನ್ನೂ ಆ ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕು ಎಂಬುದಷ್ಟೇ ನನ್ನ ವಿನಂತಿ.

ಹಿಂದಿರುಗುವ ದಿನ ಹುಡುಗಿಯನ್ನು ಕರೆದುಕೊಂಡು ಚಂದ್ರಲಾಂಬಾ ಗುಡಿಗೆ ಹೋದೆ. 1986ರಲ್ಲಿ ಆ ಆವರಣದ ಕಾಳಿ ಗುಡಿಯ ಮಾಡು ಕುಸಿದಾಗ, ವಿಗ್ರಹದ ಪೀಠವಾಗಿದ್ದ ಕಲ್ಲಿನಲ್ಲೇ ಅಶೋಕನ ಶಾಸನ ಕಾಣಿಸಿತು. ಒಡಿಶಾದ ಧೌಲಿ, ಜೌಗಡಗಳಲ್ಲಿರುವ ಪ್ರತ್ಯೇಕ ಶಾಸನಗಳೇ ಇಲ್ಲಿಯೂ ಇವೆ. ಎಲ್ಲ ಜನರೂ ತನ್ನ ಮಕ್ಕಳೆಂದು ಅಶೋಕ ಸಾರಿದ್ದು ಆ ಶಾಸನಗಳಲ್ಲಿ. ಅವು ಬರೆದಿರುವುದು ಪ್ರಜೆಗಳಿಗಲ್ಲ, ಅಧಿಕಾರಿಗಳಿಗೆ: ಸೋಮಾರಿತನ ಬಿಡಿ, ಅವಸರ ಬಿಡಿ ಎಂದು. ಉತ್ತರ ಭಾರತದ ಇನ್ನೊಂದು ಸ್ತಂಭಶಾಸನದಲ್ಲಿ ಅವನೇ, ನುರಿತ ದಾದಿಯ ಕೈಗೆ ಮಗುವನ್ನು ಒಪ್ಪಿಸಿದ ತಂದೆಯ ನೆಮ್ಮದಿಯನ್ನು ನೆನೆಯುತ್ತಾನೆ. ನುರಿತ ಕೈ ಎಂಬುದೇ ಅಲ್ಲಿಯ ನೆಮ್ಮದಿಗೆ ಕಾರಣ.

ಇದನ್ನೆಲ್ಲ ಹುಡುಗಿಗೆ ವಿವರಿಸಿದೆ. ಅವಳು ಸ್ವಲ್ಪ ಹೊತ್ತು ಕಲ್ಲನ್ನೇ ನೋಡುತ್ತಿದ್ದು, ‘ಮುತ್ಯಾ, ನಾ ಓದಿದ್ದು ಬೇಕಾಗಿರೋದು ಇಲ್ಲಿ. ನೌಕರಿ ಇರೋದು ಬೆಂಗಳೂರಾಗ’ ಎಂದಳು. ಮೂವತ್ತಕ್ಕೂ ಹೆಚ್ಚು ವರ್ಷ ಸರ್ಕಾರದ ಪರವಾಗಿ ಉತ್ತರ ಬರೆದ ನನಗೆ, ಆ ಮಾತಿಗೆ ಉತ್ತರ ಹೊಳೆಯಲಿಲ್ಲ.