ಹಳೆಯ ಕಾರಿನ ಕಿಟಕಿಗೆ ಕೀಲೆಣ್ಣೆ

ವರ್ಷದ ಹೆಚ್ಚಿನ ದಿನಗಳನ್ನು ಮನೆಯ ಮುಂದಿನ ಷೆಡ್ಡಿನಲ್ಲಿಯೇ ಕಳೆಯುವ ಹಳೆಯ ಅಂಬಾಸಿಡರ್ ಕಾರು, ಬಂಧುಗಳ ಮದುವೆಯ ನೆಪದಲ್ಲಿ ಒಂದು ದಿನ ರಸ್ತೆಗಿಳಿಯುತ್ತದೆ. ಹಿಂದಿನ ಸೀಟಿನಲ್ಲಿ ಅಜ್ಜಿ, ಸೊಸೆ, ಮೊಮ್ಮಗಳು. ಮುಂದೆ ಮನೆಯ ಯಜಮಾನರು ಮತ್ತು ಹಿರಿಯ ಮಗ. ಊರು ದಾಟುವಷ್ಟರಲ್ಲಿ ಆಕಾಶ ಕಪ್ಪಾಗಿ ದಪ್ಪ ಹನಿಗಳು ಬೀಳತೊಡಗುತ್ತವೆ. “ಗಾಜು ಏರಿಸ್ರೋ, ರೇಷ್ಮೆ ಸೀರೆ ನೆನೆಯುತ್ತೆ!” ಎಂದು ಅಜ್ಜಿ ಕೂಗುತ್ತಾರೆ. ಕಾರು ನಿಲ್ಲುತ್ತದೆ. ಹಿರಿಯ ಮಗ ಇಳಿದು ಬಂದು ಹಿಂದಿನ ಬಾಗಿಲಿನ ಹಿಡಿಯನ್ನು ತಿರುಗಿಸಿದರೆ ಅದು ಅರ್ಧ ಸುತ್ತು ಬಂದು ನಿಂತುಬಿಡುತ್ತದೆ. ಎರಡೂ ಕೈ ಹಚ್ಚಿ ಬಲ ಪ್ರಯೋಗಿಸುತ್ತಾನೆ. ಬಾಗಿಲಿನೊಳಗೆ ‘ಟಕ್’ ಎಂದೊಂದು ಸದ್ದು. ಅರ್ಧ ಏರಿದ್ದ ಗಾಜು ಓರೆಯಾಗಿ ಒಳಕ್ಕೆ ಜಾರುತ್ತದೆ. ಸೀರೆಯೂ ನೆನೆಯುತ್ತದೆ, ಮಗನ ಮುಖವೂ ಬಾಡುತ್ತದೆ.

ಹಳೆಯ ಕಾರುಗಳನ್ನು ಮಮತೆಯಿಂದ ಇಟ್ಟುಕೊಂಡಿರುವ ಮನೆಗಳಿಗೆ ಈ ಪ್ರಸಂಗ ಅಪರಿಚಿತವಲ್ಲ. ಇದನ್ನು ನಕ್ಕು ಮರೆಯುವಂತೆಯೂ ಇಲ್ಲ. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯಲ್ಲಿ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ಅಂಬಾಸಿಡರ್‌ನ ಉತ್ಪಾದನೆ 2014ರಲ್ಲಿ ನಿಂತಿತು. ಮುಂಬಯಿಯ ಪ್ರೀಮಿಯರ್ ಪದ್ಮಿನಿ ಅದಕ್ಕೂ ಬಹು ಹಿಂದೆಯೇ ನಿಂತಿತ್ತು. ಮುರಿದ ಭಾಗಕ್ಕೆ ಬದಲಿಯನ್ನು ಇಂದು ಗುಜರಿ ಅಂಗಡಿಗಳಲ್ಲಿ ಹುಡುಕಬೇಕು. ದೊರೆತರೂ ಅದು ಮತ್ತೊಂದು ಮುದಿ ಕಾರಿನಿಂದ ಕಳಚಿದ, ಅಷ್ಟೇ ಸವೆದ ಭಾಗವಾಗಿರಬಹುದು. ಇದ್ದುದನ್ನು ಉಳಿಸಿಕೊಳ್ಳುವುದೇ ಜಾಣತನ. ಅದಕ್ಕೆ ಬೇಕಾದುದು ತೋಳಿನ ಬಲವಲ್ಲ. ಸರಿಯಾದ ಜಾಗಕ್ಕೆ ಸರಿಯಾದ ಜಿಡ್ಡು.

ಬಾಗಿಲಿನ ಒಡಲಲ್ಲಿ

ಮೋಟಾರು ಕಾರುಗಳ ಆರಂಭದ ದಿನಗಳಲ್ಲಿ ಕಿಟಕಿಯ ಗಾಜನ್ನು ಚರ್ಮದ ಪಟ್ಟಿಯಿಂದ ಎಳೆದು, ಅದರ ತೂತನ್ನು ಗೂಟಕ್ಕೆ ಸಿಕ್ಕಿಸಿ ನಿಲ್ಲಿಸುವ ಪದ್ಧತಿಯಿತ್ತು. ಅನಂತರ ಬಂದದ್ದು ತಿರುಗಿಸುವ ಹಿಡಿ. ಆದರೂ 1959ರಲ್ಲಿ ಹೊರಬಂದ ಬ್ರಿಟನ್ನಿನ ಮಿನಿ ಕಾರಿಗೆ ಪಕ್ಕಕ್ಕೆ ಸರಿಯುವ ಗಾಜುಗಳೇ ಇದ್ದವು. ಅದಕ್ಕೆ ಹಿಡಿ ಬಂದದ್ದು 1969ರಲ್ಲಿ.

ಹಿಡಿಯ ಹಿಂದಿರುವ ಯಂತ್ರಕ್ಕೆ ಮೆಕ್ಯಾನಿಕ್ಕುಗಳು ರೆಗ್ಯುಲೇಟರ್ ಎನ್ನುತ್ತಾರೆ. ಹಿಡಿಯ ಜತೆ ತಿರುಗುವ ಪುಟ್ಟ ಹಲ್ಲುಚಕ್ರವು ಬೀಸಣಿಗೆಯಾಕಾರದ ಇನ್ನೊಂದು ದೊಡ್ಡ ಹಲ್ಲುಫಲಕವನ್ನು ತಳ್ಳುತ್ತದೆ. ಆ ಫಲಕಕ್ಕೆ ಸೇರಿದ ಉದ್ದನೆಯ ತೋಳಿನ ತುದಿಯಲ್ಲಿರುವ ಉರುಳೆ, ಗಾಜಿನ ತಳದ ತಗಡಿನ ದೋಣಿಯಲ್ಲಿ ಜಾರುತ್ತ ಗಾಜನ್ನು ಎತ್ತುತ್ತದೆ. ಗಾಜಿನ ಎರಡು ಅಂಚುಗಳೂ ಮಖಮಲ್ಲಿನಂಥ ಬಟ್ಟೆ ಹೊದಿಸಿದ ಸಂದಿಗಳಲ್ಲಿ ಚಲಿಸುತ್ತವೆ. 60 ಸೆಂಟಿಮೀಟರ್ ಅಗಲ, 45 ಸೆಂಟಿಮೀಟರ್ ಎತ್ತರ, 5 ಮಿಲಿಮೀಟರ್ ದಪ್ಪದ ಗಾಜು ಮೂರು ಕಿಲೋಗ್ರಾಮಿಗೂ ಮಿಕ್ಕಿ ತೂಗುತ್ತದೆ. ಆ ಭಾರವನ್ನು ಹಂಚಿಕೊಳ್ಳಲು ಅನೇಕ ರೆಗ್ಯುಲೇಟರುಗಳಲ್ಲಿ ಗಡಿಯಾರದ ಸ್ಪ್ರಿಂಗಿನಂತೆ ಸುತ್ತಿದ ಬಲವಾದ ಸ್ಪ್ರಿಂಗೊಂದು ಇರುತ್ತದೆ.

ಗ್ರೀಸು ಎಂಬುದು ಸ್ಪಂಜಿನಲ್ಲಿ ನೀರು ನಿಂತಂತೆ ಒಂದು ಬಗೆಯ ಸಾಬೂನಿನಲ್ಲಿ ನಿಂತ ಎಣ್ಣೆ. ದಶಕಗಳು ಉರುಳಿದಂತೆ ಎಣ್ಣೆ ಸೋರಿಹೋಗಿ ಸಾಬೂನು ಮಾತ್ರ ಉಳಿಯುತ್ತದೆ. ರಸ್ತೆಯ ಧೂಳು ಅದರೊಡನೆ ಬೆರೆತರೆ ಮೇಣದಂಥ ಗಟ್ಟಿ ಅಂಟು ಸಿದ್ಧವಾಯಿತು. ಜಾರಿಸಬೇಕಾದ ವಸ್ತುವೇ ಹಿಡಿದು ನಿಲ್ಲಿಸುವ ವಸ್ತುವಾಗುತ್ತದೆ. ಅದರ ಮೇಲೆ ಬಲ ಪ್ರಯೋಗಿಸಿದಾಗ ಹಲ್ಲು ಮುರಿಯುತ್ತದೆ.

ಒಂದೇ ಎಣ್ಣೆ ಎಲ್ಲಕ್ಕೂ ಸಲ್ಲದು

ಎತ್ತಿನ ಗಾಡಿಯ ಅಡಿಯಲ್ಲಿ ಕೀಲೆಣ್ಣೆಯ ಗೊಟ್ಟ ತೂಗುತ್ತಿದ್ದ ಕಾಲದಲ್ಲಿ, ಅಚ್ಚಿಗೆ ಅದೊಂದೇ ಸಾಕಾಗುತ್ತಿತ್ತು. ಕಾರಿನ ಬಾಗಿಲಿನಲ್ಲಿ ಲೋಹ, ರಬ್ಬರು, ಬಟ್ಟೆ, ಗಾಜು ನಾಲ್ಕೂ ಒಂದೆಡೆ ಸೇರಿವೆ. ಒಂದಕ್ಕೆ ಅಮೃತವಾದದ್ದು ಇನ್ನೊಂದಕ್ಕೆ ವಿಷ.

ಲೋಹ ಲೋಹಕ್ಕೆ ಉಜ್ಜುವಲ್ಲಿ ಲಿಥಿಯಂ ಗ್ರೀಸು ಉತ್ತಮ. ಹಿಂದಿನ ಸುಣ್ಣದ ಸಾಬೂನಿನ ಗ್ರೀಸು ನೀರಿಗೆ ಜಗ್ಗದಿದ್ದರೂ ಬಿಸಿಗೆ ಕರಗುತ್ತಿತ್ತು. ಸೋಡಿಯಂ ಗ್ರೀಸು ಬಿಸಿಯನ್ನು ತಾಳಿದರೂ ನೀರಿಗೆ ಸೋಲುತ್ತಿತ್ತು. ಲಿಥಿಯಂ ಸಾಬೂನಿನ ಗ್ರೀಸಿಗೆ ಅಮೆರಿಕದ ಕ್ಲಾರೆನ್ಸ್ ಅರ್ಲ್ 1942ರಲ್ಲಿ ಪೇಟೆಂಟ್ ಪಡೆದರು. ಅದು ಎರಡನ್ನೂ ಸಹಿಸುತ್ತದೆ. ಮಳೆಯ ನೀರೂ ಬಿಸಿಲಿನ ಕಾವೂ ಹೊಕ್ಕು ಹೊರಡುವ ಬಾಗಿಲಿಗೆ ಇದಕ್ಕಿಂತ ತಕ್ಕ ಸಂಗಾತಿ ದುರ್ಲಭ.

ಆದರೆ ಇದೇ ಗ್ರೀಸನ್ನು ಗಾಜಿನ ಅಂಚಿನ ಸಂದಿಗೆ ಬಳಿಯುವುದು ಸಲ್ಲದು. ಖನಿಜ ತೈಲವು ಸಹಜ ರಬ್ಬರನ್ನು ಉಬ್ಬಿಸಿ ಮೆತ್ತಗಾಗಿಸುತ್ತದೆ. ಬಟ್ಟೆಯ ಮೇಲೆ ಧೂಳನ್ನು ಕರೆದು ಕೂರಿಸುತ್ತದೆ. ಧೂಳು ತುಂಬಿದ ಸಂದಿ ಉಪ್ಪುಕಾಗದದಂತೆ ಗಾಜಿನಲ್ಲಿ ಗೀರುಗಳನ್ನು ಕೊರೆಯುತ್ತದೆ. ಅಲ್ಲಿಗೆ ಸಲ್ಲುವುದು ಸಿಲಿಕೋನ್ ಸಿಂಪಡಿಕೆ, ಅದೂ ಹಿತವಾಗಿ. ಬಣ್ಣ ಬಳಿಸುವ ಯೋಚನೆಯಿದ್ದರೆ ಮಾತ್ರ ಸಿಲಿಕೋನ್ ತಗಡಿಗೆ ತಾಗದಂತೆ ನೋಡಿಕೊಳ್ಳಬೇಕು. ಅದು ತಗುಲಿದ ಕಡೆ ಹೊಸ ಬಣ್ಣ ಸರಿಯಾಗಿ ಕೂರುವುದಿಲ್ಲ.

ಅಡುಗೆಮನೆಯ ಕೊಬ್ಬರಿ ಎಣ್ಣೆಯ ಮಾತೇನು? ಅದು ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುತ್ತದೆ. ಡಿಸೆಂಬರಿನ ಬೆಂಗಳೂರಿನಲ್ಲಿ ಸೀಸೆಯೊಳಗೇ ಹೆಪ್ಪುಗಟ್ಟುವ ಎಣ್ಣೆ ಬಾಗಿಲಿನೊಳಗೆ ಹರಿದಾಡೀತೆ?

ಒಂದು ಭಾನುವಾರದ ಕೆಲಸ

ಮೊದಲು ಗಾಜನ್ನು ಪೂರ್ತಿ ಮೇಲೇರಿಸಿ, ಜಾರದಂತೆ ಮರದ ಬೆಣೆಯಿಂದ ಭದ್ರಪಡಿಸಬೇಕು. ಹಿಡಿಯನ್ನು ಕೆಲವು ಕಾರುಗಳಲ್ಲಿ ಸ್ಕ್ರೂ, ಕೆಲವುಗಳಲ್ಲಿ ಅಡ್ಡಮೊಳೆ, ಮತ್ತೆ ಕೆಲವುಗಳಲ್ಲಿ ಹಿಂದೆ ಅಡಗಿರುವ ಕ್ಲಿಪ್ಪು ಹಿಡಿದಿರುತ್ತದೆ. ಯಾವುದೆಂದು ನೋಡದೆ ಎಳೆಯಬಾರದು. ಒಳಹೊದಿಕೆಯ ಹಲಗೆಯನ್ನು ಅಂಚಿನಿಂದ ಮೆಲ್ಲಗೆ ಎಬ್ಬಿಸಿ ತೆಗೆಯಬೇಕು. ಅದರ ಹಿಂದೆ ನೀರು ತಡೆಯುವ ಹಾಳೆಯಿದ್ದರೆ ಹರಿಯದಂತೆ ಬಿಡಿಸಿಡಬೇಕು.

ಹಳೆಯ ಗ್ರೀಸನ್ನು ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಬೇಕು. ರಬ್ಬರಿಗೆ ಅದು ತಾಗಬಾರದು, ಹತ್ತಿರದಲ್ಲಿ ಬೆಂಕಿಯೂ ಇರಬಾರದು. ಅನಂತರ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಹಲ್ಲುಚಕ್ರ, ಫಲಕದ ಹಲ್ಲುಗಳು, ಕೀಲುಗಳು ಮತ್ತು ಉರುಳೆ ಜಾರುವ ದೋಣಿಗೆ ಲಿಥಿಯಂ ಗ್ರೀಸನ್ನು ತೆಳುವಾಗಿ ಹಚ್ಚಬೇಕು. ಬೆಣೆ ತೆಗೆದು, ಹಿಡಿಯನ್ನು ತಾತ್ಕಾಲಿಕವಾಗಿ ಸಿಕ್ಕಿಸಿ, ಹತ್ತಾರು ಬಾರಿ ಗಾಜನ್ನು ಏರಿಸಿ ಇಳಿಸಿದರೆ ಗ್ರೀಸು ತಾನೇ ಎಲ್ಲೆಡೆಗೂ ಹರಡುತ್ತದೆ. ಅಂಚಿನ ಸಂದಿಗಳ ಧೂಳನ್ನು ಒಣ ಬ್ರಷ್ಷಿನಿಂದ ತೆಗೆದ ಮೇಲೆಯೇ ಸಿಲಿಕೋನ್. ಬಟ್ಟೆ ಸವೆದು ತಗಡು ಕಾಣುತ್ತಿದ್ದರೆ ಯಾವ ಎಣ್ಣೆಯಿಂದಲೂ ಫಲವಿಲ್ಲ. ಹೊಸ ಪಟ್ಟಿಯನ್ನೇ ಕೂರಿಸಬೇಕು.

ಒಂದು ಎಚ್ಚರಿಕೆಯನ್ನು ಮರೆಯಬಾರದು. ರೆಗ್ಯುಲೇಟರನ್ನು ಬಾಗಿಲಿನಿಂದ ಕಳಚಿದಾಗ ಬಿಗಿದ ಸ್ಪ್ರಿಂಗು ಒಮ್ಮೆಗೇ ಬಿಚ್ಚಿಕೊಂಡರೆ, ಅದರ ತೋಳು ಬೆರಳು ಮುರಿಯುವಷ್ಟು ರಭಸದಿಂದ ಬೀಸುತ್ತದೆ. ಕಳಚಲೇಬೇಕಾದ ಪ್ರಸಂಗ ಬಂದರೆ ಅನುಭವಿ ಮೆಕ್ಯಾನಿಕ್ಕಿನ ಕೈಗೊಪ್ಪಿಸುವುದು ಕ್ಷೇಮ.

ಮುಚ್ಚುವ ಮೊದಲು ಬಾಗಿಲಿನ ತಳದ ತೂತುಗಳನ್ನು ನೋಡಬೇಕು. ಗಾಜಿನ ಬದಿಯಿಂದ ಇಳಿಯುವ ಮಳೆನೀರು ಹೊರಹೋಗುವುದು ಅಲ್ಲಿಂದಲೇ. ಕಸ ಕಟ್ಟಿಕೊಂಡಿದ್ದರೆ ನೀರು ಒಳಗೇ ನಿಂತು, ಬಾಗಿಲಿನ ತಗಡು ತಳದಿಂದ ತುಕ್ಕು ತಿನ್ನತೊಡಗುತ್ತದೆ. ಒಂದು ತಂತಿಯ ತುಂಡು ಸಾಕು, ಆ ವಿಪತ್ತನ್ನು ತಡೆಯಲು.

ಪ್ರತಿ ಮಳೆಗಾಲಕ್ಕೆ ಮುನ್ನ ಸಂದಿಗಳನ್ನು ಶುಚಿ ಮಾಡಿ, ಹಿಡಿ ಬಿಗಿಯಾದ ಸೂಚನೆ ಕಂಡೊಡನೆ ಬಾಗಿಲು ಬಿಚ್ಚಿ ನೋಡುವ ಮನೆಯಲ್ಲಿ ಗಾಜು ಒಳಗೆ ಬೀಳುವ ಪ್ರಮೇಯ ಅಪರೂಪ. ಗುಂಡಿ ಒತ್ತಿ ಗಾಜು ಏರಿಸುವ ಕಾರುಗಳಲ್ಲಿ ಬೆಳೆದ ಇಂದಿನ ಮಕ್ಕಳಿಗೆ ಈ ಹಿಡಿಯೇ ಒಂದು ವಿನೋದ. ಮುಂದಿನ ಮದುವೆಯ ದಿನ ಮೋಡ ಕವಿದಾಗ, ಅಜ್ಜಿ ಕೂಗುವ ಮೊದಲೇ ಪುಟ್ಟ ಮೊಮ್ಮಗಳು ಒಂದೇ ಕೈಯಿಂದ ಗಾಜನ್ನು ಮೇಲೇರಿಸಿ, ಹೊರಗಿನ ಮಳೆಯನ್ನು ನೋಡುತ್ತ ಕುಳಿತಿರುತ್ತಾಳೆ.