ಎರಡನೆಯ ಆಪರೇಟಿಂಗ್ ಸಿಸ್ಟಮ್‌ಗೂ ಜಾಗವಿದೆ

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಬೆಂಬಲ ನಿಲ್ಲಿಸಿತು. ಅಲ್ಲಿಂದೀಚೆಗೆ ಕಂಪ್ಯೂಟರ್ ರಿಪೇರಿ ಅಂಗಡಿಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ: “ಇದಕ್ಕೆ ವಿಂಡೋಸ್ 11 ಬರಲ್ಲ ಸಾರ್, ಹೊಸದು ತಗೊಂಬಿಡಿ.” ಮಾತಿನ ಮೊದಲರ್ಧ ನಿಜ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಏರ್ಪಾಡು ಬೇಕು. ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೆಯ ತಲೆಮಾರಿನ ಅಥವಾ ಅದಕ್ಕೂ ಈಚಿನ ಪ್ರೊಸೆಸರ್ ಬೇಕು. 2016ರಲ್ಲಿ ಕೊಂಡ ಲ್ಯಾಪ್‌ಟಾಪ್ ಈ ಪರೀಕ್ಷೆಯಲ್ಲಿ ಪಾಸಾಗುವುದಿಲ್ಲ. ಉಳಿದರ್ಧವನ್ನು ಮಾತ್ರ ನಾನು ಒಪ್ಪಲಾರೆ. ಆ ಯಂತ್ರದ ಪರದೆ, ಕೀಲಿಮಣೆ, ಪ್ರೊಸೆಸರ್ ಯಾವುದೂ ಅಕ್ಟೋಬರ್ 14ರ ರಾತ್ರಿ ಕೆಟ್ಟುಹೋಗಲಿಲ್ಲ. ಅವಧಿ ಮುಗಿದದ್ದು ಅದರೊಳಗಿನ ತಂತ್ರಾಂಶದ್ದು. ಅದೇ ಯಂತ್ರದಲ್ಲಿ ಲಿನಕ್ಸ್ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಇನ್ನೂ ಹಲವು ವರ್ಷ ಸರಾಗವಾಗಿ ಓಡುತ್ತದೆ.

ಹಾಗಾದರೆ ವಿಂಡೋಸ್ ಅಳಿಸಿ ಲಿನಕ್ಸ್ ಹಾಕಿಕೊಂಡರಾಯಿತಲ್ಲ? ಕನ್ನಡದಲ್ಲಿ ಕೆಲಸ ಮಾಡುವವರಿಗೆ ಅದು ಅಷ್ಟು ಸಲೀಸಲ್ಲ. ನುಡಿ, ಬರಹ ತಂತ್ರಾಂಶಗಳು ವಿಂಡೋಸ್‌ಗೆಂದೇ ಹುಟ್ಟಿದವು. ಯೂನಿಕೋಡ್ ರೂಢಿಗೆ ಬರುವ ಮುಂಚಿನ ಫಾಂಟ್‌ಗಳಲ್ಲಿ ಟೈಪಾದ ಪುಸ್ತಕಗಳು, ಪೇಜ್‌ಮೇಕರ್‌ನಲ್ಲಿ ಪುಟ ಕಟ್ಟಿದ ಕಡತಗಳು ಡಿಟಿಪಿಯವರ ಬಳಿ ರಾಶಿ ರಾಶಿ ಇವೆ. ಅವನ್ನು ತೆರೆಯಲು ಹಳೆಯ ವಿಂಡೋಸ್ ಬೇಕೇ ಬೇಕು. ಇತ್ತ ಲಿನಕ್ಸ್‌ನಲ್ಲೂ ಯೂನಿಕೋಡ್ ಕನ್ನಡಕ್ಕೆ ಬಡತನವಿಲ್ಲ. ಕೀಲಿಮಣೆಗಳ ಪಟ್ಟಿಯಲ್ಲಿ ‘ಕಗಪ’ ಹೆಸರಿನ ಕನ್ನಡ ವಿನ್ಯಾಸ ಸಿಗುತ್ತದೆ. ಗುಬ್ಬಿ, ನವಿಲು ಎಂಬ ಮುದ್ದಾದ ಹೆಸರಿನ ಮುಕ್ತ ಫಾಂಟ್‌ಗಳಿವೆ. ಎರಡೂ ಬೇಕೆನ್ನುವವರು ಎರಡನ್ನೂ ಒಂದೇ ಯಂತ್ರದಲ್ಲಿ ಇಟ್ಟುಕೊಳ್ಳಬಹುದು. ಆದರೆ ಒಂದು ತೊಡಕಿದೆ. ಪ್ರತಿಯೊಂದು ಆಪರೇಟಿಂಗ್ ಸಿಸ್ಟಮ್ಮೂ ಯಂತ್ರವೆಲ್ಲ ತನ್ನೊಂದರದೇ ಎಂದು ನಂಬಿ ನಡೆಯುವಂತೆ ಬರೆದದ್ದು. ಎರಡನ್ನು ಒಟ್ಟಿಗೆ ಬಾಳಿಸುವ ವಿದ್ಯೆಯೆಲ್ಲ ಆ ನಂಬಿಕೆಯ ಸುತ್ತಲೇ ಹೆಣೆದಿದೆ. ಬರುವ ತಾಪತ್ರಯಗಳೂ ಅಲ್ಲಿಂದಲೇ.

ಪವರ್ ಬಟನ್ ಒತ್ತಿದ ಕ್ಷಣದಲ್ಲಿ ಪ್ರೊಸೆಸರ್‌ಗೆ ವಿಂಡೋಸ್ ಗೊತ್ತಿಲ್ಲ, ಲಿನಕ್ಸೂ ಗೊತ್ತಿಲ್ಲ. ಮದರ್‌ಬೋರ್ಡಿನ ಚಿಪ್‌ನಲ್ಲಿ ಕೂತ ಒಂದು ಪುಟ್ಟ ತಂತ್ರಾಂಶ ಮೊದಲು ಎಚ್ಚರಗೊಂಡು, ರ್ಯಾಮ್, ಕೀಲಿಮಣೆ, ಡಿಸ್ಕ್ ನೆಟ್ಟಗಿವೆಯೇ ಎಂದು ತಪಾಸಣೆ ಮಾಡುತ್ತದೆ. ಹಳೆಯ ಯಂತ್ರಗಳಲ್ಲಿ ಇದರ ಹೆಸರು ಬಯೋಸ್. ಅದು ಡಿಸ್ಕಿನ ಮೊಟ್ಟಮೊದಲ ಸೆಕ್ಟರ್ ಓದುತ್ತಿತ್ತು. ಅದರ ಅಳತೆ ಬರೀ 512 ಬೈಟ್. ಅದರಲ್ಲಿ 446 ಬೈಟ್ ಮುಂದೇನು ಮಾಡಬೇಕೆಂಬ ಸೂಚನೆಗಳಿಗೆ, 64 ಬೈಟ್ ಡಿಸ್ಕಿನ ವಿಭಾಗಗಳ ಪಟ್ಟಿಗೆ, ಕೊನೆಯ 2 ಬೈಟ್ ‘ಇದು ಬೂಟ್ ಆಗಬಲ್ಲ ಡಿಸ್ಕ್’, ಅಂದರೆ ಇದರಿಂದ ಯಂತ್ರವನ್ನು ಏಳಿಸಬಹುದು, ಎಂಬ ಗುರುತಿಗೆ. ವಿಭಾಗವೊಂದರ ವಿವರಕ್ಕೆ 16 ಬೈಟ್ ಬೇಕಾದ್ದರಿಂದ ಪಟ್ಟಿಯಲ್ಲಿ ನಾಲ್ಕೇ ವಿಭಾಗಗಳಿಗೆ ಅವಕಾಶ.

ಒಂದೇ ಸರ್ವೆ ನಂಬರಿನ ಹೊಲವನ್ನು ಅಣ್ಣತಮ್ಮಂದಿರು ಹಿಸ್ಸೆ ಮಾಡಿಕೊಂಡರೆ ಯಾವ ಭಾಗ ಯಾರದೆಂದು ದಾಖಲೆಯಲ್ಲಿ ಬರೆಯುತ್ತಾರಲ್ಲ, ಆ 64 ಬೈಟ್‌ಗಳ ಕೆಲಸವೂ ಅಷ್ಟೇ. ದಾಖಲೆ ಹರಿದರೆ ಮಣ್ಣಿಗೇನೂ ಆಗುವುದಿಲ್ಲ, ಆದರೆ ಗಡಿ ಎಲ್ಲಿದೆಯೆಂದು ಹೇಳುವವರಿರುವುದಿಲ್ಲ. ಡಿಸ್ಕ್ ಹಂಚುವಾಗ ಕೈತಪ್ಪಿ ಫೋಟೊಗಳೆಲ್ಲ ಮಾಯವಾದವು ಎನ್ನುವವರ ಸಂಗತಿ ಎಷ್ಟೋ ಸಲ ಇದೇ. ಮಾಹಿತಿ ಅಲ್ಲೇ ಇರುತ್ತದೆ, ಎಲ್ಲಿಂದ ಎಲ್ಲಿಯವರೆಗೆ ಎಂಬುದಷ್ಟೇ ಅಳಿಸಿರುತ್ತದೆ. ಕೂಡಲೇ ಕೈಬಿಟ್ಟು ತಿಳಿದವರಿಗೆ ತೋರಿಸಿದರೆ ಬಹಳಷ್ಟು ಮರಳಿ ಸಿಗುವುದುಂಟು. ಅದರ ಮೇಲೆ ಹೊಸದೇನಾದರೂ ಬರೆದರೆ ಕೈಜಾರಿದಂತೆ.

ಇನ್ನು ಆ 446 ಬೈಟ್. ಎರಡು ಆಪರೇಟಿಂಗ್ ಸಿಸ್ಟಮ್ ಇದ್ದರೂ ಮೊದಲ ಸೆಕ್ಟರ್ ಇರುವುದು ಒಂದೇ. ವಿಂಡೋಸ್ ಅನುಸ್ಥಾಪಿಸುವಾಗ ಅದು ಅಲ್ಲಿ ಬೇರೆ ಯಾರಿದ್ದಾರೆಂದು ನೋಡದೆ ತನ್ನ ಸೂಚನೆ ಬರೆದುಬಿಡುತ್ತಿತ್ತು. ಮೊದಲೇ ಇದ್ದ ಲಿನಕ್ಸ್ ಎಲ್ಲೂ ಹೋಗಿರುತ್ತಿರಲಿಲ್ಲ, ಅದನ್ನು ಕರೆಯುವವರಿಲ್ಲದೆ ಡಿಸ್ಕಿನಲ್ಲೇ ಮಲಗಿರುತ್ತಿತ್ತು. ‘ಮೊದಲು ವಿಂಡೋಸ್, ಆಮೇಲೆ ಲಿನಕ್ಸ್’ ಎಂಬ ರೂಢಿ ಹುಟ್ಟಿದ್ದು ಹೀಗೆ. ಲಿನಕ್ಸ್ ಜತೆ ಬರುವ ಗ್ರಬ್ ಎಂಬ ಬೂಟ್‌ಲೋಡರ್ ಸೌಜನ್ಯದ ಪ್ರಾಣಿ. ಅಕ್ಕಪಕ್ಕದ ವಿಭಾಗಗಳಲ್ಲಿ ವಿಂಡೋಸ್ ಕಂಡರೆ ಅದರ ಹೆಸರನ್ನೂ ತನ್ನ ಪಟ್ಟಿಗೆ ಸೇರಿಸಿ, ಯಾವುದು ಬೇಕೆಂದು ನಮ್ಮನ್ನು ಕೇಳುತ್ತದೆ. ಇಷ್ಟೆಲ್ಲ ಜಾಣತನ 446 ಬೈಟ್‌ಗಳಲ್ಲಿ ಹಿಡಿಸುವುದಿಲ್ಲ. ಅದಕ್ಕೇ ಗ್ರಬ್ ಅಲ್ಲಿಡುವುದು ತನ್ನ ಬಾಲದ ತುದಿಯನ್ನು ಮಾತ್ರ. ಆ ತುಣುಕು ಡಿಸ್ಕಿನ ಬೇರೆಡೆಯಿಂದ ಉಳಿದ ಭಾಗವನ್ನು ಎಳೆದು ತರುತ್ತದೆ.

ಈಚಿನ ಹತ್ತು ಹನ್ನೆರಡು ವರ್ಷಗಳ ಯಂತ್ರಗಳಲ್ಲಿ ಬಯೋಸ್ ಬದಲು ಯುಇಎಫ್‌ಐ ಇದೆ. ಡಿಸ್ಕಿನ ಒಂದು ಚಿಕ್ಕ ವಿಭಾಗ ಬೂಟ್ ಕಡತಗಳಿಗೇ ಮೀಸಲು. ಅದರೊಳಗೆ ವಿಂಡೋಸ್‌ಗೊಂದು ಫೋಲ್ಡರ್, ಲಿನಕ್ಸ್‌ಗೊಂದು ಫೋಲ್ಡರ್. ಯಾವುದನ್ನು ಮೊದಲು ಕರೆಯಬೇಕೆಂಬ ಕ್ರಮ ಮದರ್‌ಬೋರ್ಡಿನಲ್ಲೇ ಉಳಿಯುತ್ತದೆ. ವಿಭಾಗಗಳ ಪಟ್ಟಿಯಲ್ಲಿ ಈಗ ಸಾಮಾನ್ಯವಾಗಿ 128ಕ್ಕೆ ಜಾಗವಿದೆ, ಅದರ ಇನ್ನೊಂದು ಪ್ರತಿ ಡಿಸ್ಕಿನ ಕೊನೆಯಲ್ಲೂ ಇರುತ್ತದೆ. ಇದು ದೊಡ್ಡ ಸುಧಾರಣೆ. ಆದರೂ ಜಗಳ ಪೂರ್ತಿ ಮುಗಿದಿಲ್ಲ. 2024ರ ಆಗಸ್ಟ್‌ನಲ್ಲಿ ಬಂದ ವಿಂಡೋಸ್ ಅಪ್‌ಡೇಟೊಂದು ಹಳೆಯ, ಅಸುರಕ್ಷಿತ ಬೂಟ್‌ಲೋಡರ್‌ಗಳನ್ನು ತಡೆಯಲು ಹೋಗಿ, ಕೆಲವು ಯಂತ್ರಗಳಲ್ಲಿ ಜತೆಯಲ್ಲಿದ್ದ ಲಿನಕ್ಸ್ ಏಳದಂತೆ ಮಾಡಿತು. ಎರಡು ಸಿಸ್ಟಮ್ ಇರುವ ಯಂತ್ರಗಳಿಗೆ ಇದು ಅನ್ವಯಿಸುವುದಿಲ್ಲ ಎಂದು ಮೈಕ್ರೋಸಾಫ್ಟ್ ಹೇಳಿತ್ತು, ಆದರೆ ಹಾಗಾಗಲಿಲ್ಲ.

ನನ್ನನ್ನು ಹೆಚ್ಚು ಸೆಳೆಯುವುದು ಬೂಟಿಗಿಂತ ಗಡಿಯಾರದ ವಿಚಾರ. ಲಿನಕ್ಸ್‌ನಲ್ಲಿ ಸಂಜೆ ಏಳರವರೆಗೆ ಕೆಲಸ ಮಾಡಿ, ಮುಚ್ಚಿ, ವಿಂಡೋಸ್ ತೆರೆಯಿರಿ. ಪರದೆಯ ಮೂಲೆಯಲ್ಲಿ ಮಧ್ಯಾಹ್ನ ಒಂದೂವರೆ! ಅಲ್ಲಿ ಸಮಯ ಸರಿಮಾಡಿ ಲಿನಕ್ಸ್‌ಗೆ ಮರಳಿದರೆ ಇಲ್ಲಿ ಮಧ್ಯರಾತ್ರಿ ಹನ್ನೆರಡೂವರೆ. ಬ್ಯಾಟರಿ ಹೋಗಿರಬೇಕೆಂದು ಅದನ್ನು ಬದಲಿಸಿದವರೂ ಇದ್ದಾರೆ. ಬ್ಯಾಟರಿಯ ತಪ್ಪೇನೂ ಇಲ್ಲ. ಮದರ್‌ಬೋರ್ಡಿನ ಗಡಿಯಾರಕ್ಕೆ ತಾರೀಕು, ಗಂಟೆ, ನಿಮಿಷ ಗೊತ್ತು, ಆದರೆ ಅದು ಯಾವ ದೇಶದ ಸಮಯವೆಂದು ಬರೆದಿಡಲು ಅದರಲ್ಲಿ ಜಾಗವಿಲ್ಲ. ಡಾಸ್ ಕಾಲದ ಪದ್ಧತಿಯನ್ನೇ ಹಿಡಿದ ವಿಂಡೋಸ್, ಅದನ್ನು ಊರಿನ ಸಮಯವೆಂದು ಓದುತ್ತದೆ. ಯುನಿಕ್ಸ್ ಮನೆತನದ ಲಿನಕ್ಸ್ ಅದನ್ನು ಜಾಗತಿಕ ಸಮಯವೆಂದು ಓದಿ, ಭಾರತಕ್ಕೆ ಐದೂವರೆ ಗಂಟೆ ಕೂಡಿಸಿಕೊಳ್ಳುತ್ತದೆ. ಆರಿಸುವಾಗ ಇಬ್ಬರೂ ತಮ್ಮ ತಮ್ಮ ಲೆಕ್ಕದಲ್ಲೇ ಗಡಿಯಾರ ತಿದ್ದಬಹುದು. ವ್ಯತ್ಯಾಸ ಸರಿಯಾಗಿ ಐದೂವರೆ ಗಂಟೆಯೇ ಏಕೆ ಎಂಬುದಕ್ಕೆ ಉತ್ತರ ಇದು. ಚಳಿಗಾಲದ ಲಂಡನ್ನಿನಲ್ಲಿ ಈ ತೊಂದರೆ ಕಾಣುವುದೇ ಇಲ್ಲ, ಅಲ್ಲಿ ಎರಡೂ ಸಮಯ ಒಂದೇ. ಕ್ಯಾಲಿಫೋರ್ನಿಯದಲ್ಲಿರುವ ಕನ್ನಡಿಗರಿಗೆ ಅದೇ ಚಳಿಗಾಲದಲ್ಲಿ ವಿಂಡೋಸ್ ಎಂಟು ಗಂಟೆ ಮುಂದೆ ಓಡುತ್ತದೆ. ಪರಿಹಾರ ಒಂದೇ ಸಾಲಿನದು: ಊರಿನ ಸಮಯವನ್ನೇ ಪಾಲಿಸು ಎಂದು ಲಿನಕ್ಸ್‌ಗೆ ಒಂದು ಆದೇಶ ಕೊಟ್ಟರೆ ಮುಗಿಯಿತು. ಹೊಂದಿಕೊಳ್ಳಲು ಬಹಳಷ್ಟು ಸಲ ಲಿನಕ್ಸಿಗೇ ಹೇಳಬೇಕಾಗುತ್ತದೆ ಎಂಬುದು ನಿಜವೇ.

ಇದಕ್ಕಿಂತ ಅಪಾಯಕಾರಿಯಾದದ್ದು ಇನ್ನೊಂದಿದೆ. ವಿಂಡೋಸ್ 8ರಿಂದೀಚೆಗೆ ‘ಶಟ್ ಡೌನ್’ ಒತ್ತಿದರೆ ಸಾಮಾನ್ಯವಾಗಿ ವಿಂಡೋಸ್ ಪೂರ್ತಿ ನಿಲ್ಲುವುದಿಲ್ಲ. ಮುಂದಿನ ಸಲ ಬೇಗ ಏಳಲೆಂದು, ತನ್ನ ತಿರುಳಿನ ಆಗಿನ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು ಮಲಗುತ್ತದೆ. ಡಿಸ್ಕಿನಲ್ಲಿ ಯಾವ ಕಡತ ಎಲ್ಲಿದೆ ಎಂಬ ನೆನಪೂ ಅದರಲ್ಲಿ ಸೇರಿದೆ. ಈ ನಡುವೆ ಲಿನಕ್ಸ್ ಬಂದು ವಿಂಡೋಸ್ ವಿಭಾಗದಲ್ಲಿ ಒಂದು ಕಡತ ಅಳಿಸಿ ಇನ್ನೊಂದನ್ನು ಬರೆಯಿತು ಎನ್ನಿ. ವಿಂಡೋಸ್ ಎದ್ದಾಗ ಅದರ ನೆನಪಿಗೂ ಡಿಸ್ಕಿನಲ್ಲಿರುವುದಕ್ಕೂ ತಾಳೆಯಾಗುವುದಿಲ್ಲ. ಹಳೆಯ ನೆನಪನ್ನೇ ನಂಬಿ ಅದು ಬರೆಯಲು ಹೊರಟರೆ ಕಡತಗಳು ಒಂದರ ಮೇಲೊಂದು ಬಿದ್ದು ಹಾಳಾಗುತ್ತವೆ. ಅದಕ್ಕಾಗಿ ಲಿನಕ್ಸ್ ಅಂಥ ವಿಭಾಗವನ್ನು ತೆರೆಯಲು ನಿರಾಕರಿಸುತ್ತದೆ, ಇಲ್ಲವೇ ಓದಲು ಮಾತ್ರ ಬಿಡುತ್ತದೆ. ಸಿಟ್ಟಾಗಬೇಡಿ, ಅದು ನಿಮ್ಮ ಕಡತಗಳನ್ನು ಕಾಯುತ್ತಿದೆ. ವಿಂಡೋಸ್‌ನ ಪವರ್ ಸೆಟ್ಟಿಂಗ್‌ನಲ್ಲಿ ‘ಫಾಸ್ಟ್ ಸ್ಟಾರ್ಟಪ್’ ತೆಗೆದುಹಾಕಿದರೆ ತೊಂದರೆ ನೀಗುತ್ತದೆ. ಅದನ್ನು ತೆಗೆಯದಿದ್ದರೂ ‘ರೀಸ್ಟಾರ್ಟ್’ ಒತ್ತಿದಾಗ ವಿಂಡೋಸ್ ನಿಜವಾಗಿ ಪೂರ್ತಿ ನಿಂತು ಏಳುತ್ತದೆ ಎಂಬುದು ಬಹಳ ಜನಕ್ಕೆ ತಿಳಿಯದ ಸಂಗತಿ.

ಹೀಗೆ ಒಂದನ್ನು ಆರಿಸಿ ಇನ್ನೊಂದನ್ನು ಏಳಿಸುವ ಬದಲು ಎರಡನ್ನೂ ಏಕಕಾಲಕ್ಕೆ ಓಡಿಸಬಹುದೇ? ಪ್ರೊಸೆಸರ್‌ನಲ್ಲಿ ಅಧಿಕಾರದ ಹಂತಗಳಿವೆ. ಯಂತ್ರಾಂಶವನ್ನು ನೇರ ಮುಟ್ಟುವ ಸೂಚನೆಗಳು ಮೇಲಿನ ಹಂತಕ್ಕಷ್ಟೇ ಮೀಸಲು, ಆ ಹಂತದಲ್ಲಿ ಕೂರಬೇಕೆನ್ನುವುದು ಪ್ರತಿ ಆಪರೇಟಿಂಗ್ ಸಿಸ್ಟಮ್ಮಿನ ಹಟ. ಐಬಿಎಂ ಸಂಸ್ಥೆ 1960ರ ದಶಕದಲ್ಲೇ ತನ್ನ ದೊಡ್ಡ ಯಂತ್ರಗಳಿಗಾಗಿ ಉಪಾಯ ಹುಡುಕಿತ್ತು. ಅತಿಥಿ ಸಿಸ್ಟಮನ್ನು ಕೆಳಗಿನ ಹಂತದಲ್ಲಿ ಓಡಿಸಿ, ಅದು ಮೇಲಿನ ಹಂತದ ಸೂಚನೆ ಬಳಸಿದೊಡನೆ ಪ್ರೊಸೆಸರ್ ತಡೆದು ನಿಲ್ಲಿಸಬೇಕು. ಮೇಲ್ವಿಚಾರಕ ತಂತ್ರಾಂಶ ಆ ಕೆಲಸ ಮಾಡಿಕೊಟ್ಟು ಸುಮ್ಮನಾಗಬೇಕು. ಅತಿಥಿಗೆ ಇದಾವುದೂ ತಿಳಿಯುವುದಿಲ್ಲ, ತಾನೇ ಯಂತ್ರದ ಒಡೆಯನೆಂದುಕೊಂಡೇ ಇರುತ್ತದೆ. ಇದು ನಡೆಯಲು ಪ್ರೊಸೆಸರ್ ಹೇಗಿರಬೇಕೆಂದು ಜೆರಾಲ್ಡ್ ಪೋಪೆಕ್ ಮತ್ತು ರಾಬರ್ಟ್ ಗೋಲ್ಡ್‌ಬರ್ಗ್ 1974ರಲ್ಲಿ ಕರಾರುವಾಕ್ಕಾಗಿ ಬರೆದಿಟ್ಟರು.

ನಮ್ಮ ಮೇಜಿನ ಮೇಲಿನ ಇಂಟೆಲ್ ಮಾದರಿಯ ಪ್ರೊಸೆಸರ್‌ಗಳು ಆ ನಿಯಮಕ್ಕೆ ಒಗ್ಗುತ್ತಿರಲಿಲ್ಲ. ಕೆಲವು ಸೂಚನೆಗಳನ್ನು ಕೆಳಗಿನ ಹಂತದಲ್ಲಿ ಕೊಟ್ಟರೆ ಪ್ರೊಸೆಸರ್ ತಡೆಯುತ್ತಲೂ ಇರಲಿಲ್ಲ, ಅಂದುಕೊಂಡಂತೆ ಮಾಡುತ್ತಲೂ ಇರಲಿಲ್ಲ. ಸದ್ದಿಲ್ಲದೆ ಮುಂದೆ ಹೋಗುತ್ತಿತ್ತು. ಇದು ಇಲ್ಲಿ ಆಗದ ಕೆಲಸವೆಂದೇ ಬಹಳ ಜನ ನಂಬಿದ್ದರು. 1999ರಲ್ಲಿ ವಿಎಂವೇರ್ ಸಂಸ್ಥೆ ಅದನ್ನು ಮಾಡಿ ತೋರಿಸಿತು. ಅತಿಥಿಯ ಸೂಚನೆಗಳನ್ನು ಓಡುತ್ತಿರುವಾಗಲೇ ಪರಿಶೀಲಿಸಿ, ಅಪಾಯದವನ್ನು ಮಾತ್ರ ಬೇರೆ ಸೂಚನೆಗಳಾಗಿ ಬದಲಿಸುವುದು ಅವರ ಜಾಣ್ಮೆ. 2005ರಿಂದ ಇಂಟೆಲ್, ಮರುವರ್ಷದಿಂದ ಎಎಂಡಿ ಪ್ರೊಸೆಸರ್‌ನಲ್ಲೇ ಇದಕ್ಕೆ ಏರ್ಪಾಡು ಮಾಡಿದವು. ಇಂದು ವರ್ಚುವಲ್‌ಬಾಕ್ಸ್‌ನಂಥ ಉಚಿತ ತಂತ್ರಾಂಶ ಹಾಕಿಕೊಂಡರೆ ಲಿನಕ್ಸ್ ಕಿಟಕಿಯೊಂದರೊಳಗೆ ಹಳೆಯ ವಿಂಡೋಸ್ ಓಡಿಸಿ ನುಡಿ ಕಡತ ತೆರೆಯಬಹುದು. ಡಿಟಿಪಿ ಮಾಡುವ ಗೆಳೆಯರಿಗೆ ನಾನು ಹೇಳುವ ದಾರಿ ಇದೇ, ಯಂತ್ರದಲ್ಲಿ 8 ಜಿಬಿ ರ್ಯಾಮ್ ಇದ್ದರೆ. 4 ಜಿಬಿಯನ್ನು ಇಬ್ಬರಿಗೆ ಹಂಚಿದರೆ ಇಬ್ಬರೂ ತೆವಳುತ್ತಾರೆ. ಅಂಥಲ್ಲಿ ಡಿಸ್ಕ್ ಹಂಚಿಕೊಂಡು ಒಂದೊಂದನ್ನೇ ಓಡಿಸುವುದು ಮೇಲು.

ಲಿನಕ್ಸ್ ಹುಟ್ಟಿದ್ದೇ ಎರಡನೆಯ ಆಪರೇಟಿಂಗ್ ಸಿಸ್ಟಮ್ ಆಗಿ ಎಂಬುದನ್ನು ಇಲ್ಲಿ ಹೇಳಲೇಬೇಕು. 1991ರ ಆರಂಭದಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 386 ಪ್ರೊಸೆಸರ್‌ನ ಕಂಪ್ಯೂಟರ್ ಕೊಂಡು, ಪ್ರೊಫೆಸರ್ ಆಂಡ್ರ್ಯೂ ಟಾನೆನ್‌ಬಾಮ್ ಪಾಠಕ್ಕೆಂದು ಬರೆದ ಮಿನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮನ್ನು ಅದರಲ್ಲಿ ಹಾಕಿಕೊಂಡ. ಲಿನಕ್ಸ್ ಬೆಳೆದದ್ದು ಆ ಮಿನಿಕ್ಸ್‌ನ ಪಕ್ಕದಲ್ಲೇ. ಸೆಪ್ಟೆಂಬರ್‌ನಲ್ಲಿ ಬಂದ ಮೊದಲ ಆವೃತ್ತಿಯನ್ನು ಕಂಪೈಲ್ ಮಾಡಲೂ ಮಿನಿಕ್ಸ್ ಬೇಕಿತ್ತು. ಒಮ್ಮೆ ಮೋಡೆಮ್ ಮೂಲಕ ವಿಶ್ವವಿದ್ಯಾಲಯಕ್ಕೆ ಕರೆ ಮಾಡಲು ಹೋಗಿ ಆತ ಕೈತಪ್ಪಿ ಆ ಆದೇಶವನ್ನು ಹಾರ್ಡ್ ಡಿಸ್ಕಿಗೆ ಕಳಿಸಿಬಿಟ್ಟ. ಮಿನಿಕ್ಸ್ ಇದ್ದ ವಿಭಾಗ ಹಾಳಾಯಿತು. ಅದನ್ನು ಮತ್ತೆ ಹಾಕುವ ಬದಲು ಲಿನಕ್ಸನ್ನೇ ತನ್ನ ಕಾಲ ಮೇಲೆ ನಿಲ್ಲುವಂತೆ ಬೆಳೆಸಲು ತೀರ್ಮಾನಿಸಿದ.

ನಿಮ್ಮಲ್ಲಿ ಹಳೆಯ ಲ್ಯಾಪ್‌ಟಾಪ್ ಇದ್ದರೆ ಒಂದೇ ಸಲಕ್ಕೆ ಡಿಸ್ಕ್ ಹಂಚಲು ಹೋಗಬೇಡಿ. 8 ಜಿಬಿಯ ಪೆನ್‌ಡ್ರೈವ್‌ಗೆ ಲಿನಕ್ಸ್ ಮಿಂಟ್ ಅಥವಾ ಉಬುಂಟು ಬರೆದುಕೊಂಡು, ಅದರಿಂದಲೇ ಯಂತ್ರವನ್ನು ಏಳಿಸಿ. ಡಿಸ್ಕನ್ನು ಮುಟ್ಟದೆ ಇಡೀ ಸಿಸ್ಟಮ್ ಪೆನ್‌ಡ್ರೈವ್ ಮತ್ತು ರ್ಯಾಮ್ ಬಳಸಿಯೇ ಓಡುತ್ತದೆ. ವೈಫೈ, ಧ್ವನಿ, ಪ್ರಿಂಟರ್ ಕೆಲಸ ಮಾಡುತ್ತವೆಯೇ, ಕನ್ನಡ ಸರಿಯಾಗಿ ಮೂಡುತ್ತದೆಯೇ ನೋಡಿ. ಒಪ್ಪಿಗೆಯಾದರೆ ಮುಖ್ಯ ಕಡತಗಳನ್ನೆಲ್ಲ ಬೇರೊಂದು ಡಿಸ್ಕಿಗೆ ನಕಲು ಮಾಡಿ, ಅಲ್ಲಿ ತೆರೆದು ಪರೀಕ್ಷಿಸಿ, ಆಮೇಲಷ್ಟೇ ವಿಂಡೋಸ್‌ನ ಸ್ವಂತ ಸಾಧನದಿಂದ ಅದರ ವಿಭಾಗವನ್ನು ಕಿರಿದು ಮಾಡಿ. ಮಿಂಟ್‌ಗೆ 20 ಜಿಬಿ ಸಾಕೆಂದು ಅದನ್ನು ರೂಪಿಸಿದವರು ಹೇಳುತ್ತಾರೆ. ನೆಮ್ಮದಿಗೆ 100 ಜಿಬಿ ಕೊಡಿ. ಹಳೆಯ ವಿಂಡೋಸನ್ನು ಇಂಟರ್ನೆಟ್ಟಿಗೆ ಜೋಡಿಸದೆ ಹಳೆಯ ಕಡತಗಳಿಗಷ್ಟೇ ಬಳಸಿ. ಬ್ಯಾಂಕಿನ ಕೆಲಸ, ಇಮೇಲ್ ಲಿನಕ್ಸ್‌ನಲ್ಲಿರಲಿ.

ನಿಮ್ಮ ಡಿಸ್ಕಿಗೆ ವಿಂಡೋಸ್‌ನ ಬಿಟ್‌ಲಾಕರ್ ಎಂಬ ಗೂಢಲಿಪಿ ಬೀಗ ಬಿದ್ದಿದೆಯೇ ಎಂಬುದನ್ನು ಮೊದಲೇ ನೋಡಿಕೊಳ್ಳಿ. ಹೊಸ ಯಂತ್ರಗಳಲ್ಲಿ ನಿಮಗೆ ತಿಳಿಯದಂತೆಯೇ ಅದು ಬಿದ್ದಿರಬಹುದು. ಬೂಟ್ ವ್ಯವಸ್ಥೆ ಬದಲಾದುದು ಗೊತ್ತಾದರೆ ವಿಂಡೋಸ್ 48 ಅಂಕಿಗಳ ಒಂದು ಸಂಖ್ಯೆ ಕೇಳುತ್ತದೆ, ಅದಿಲ್ಲದೆ ಒಳಗಿನದೇನೂ ಸಿಗದು. ಕೆಲಸ ಶುರುಮಾಡುವ ಮುಂಚೆ ಆ ಸಂಖ್ಯೆಯನ್ನು ಹುಡುಕಿ ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ.