ನೆಬ್ರಾಸ್ಕದ ಕೆಂಪಂಗಿಯವರ ಅಳಲು

ಅಮೇರಿಕದ ಸಂಯುಕ್ತ ಸಂಸ್ಥಾನಗಳ ನಟ್ಟನಡುವೆ ನೆಬ್ರಾಸ್ಕ ಎಂಬ ಸಂಸ್ಥಾನವೊಂದಿದೆ. ಅದಕ್ಕೆ ಕಡಲಿಲ್ಲ, ಹೆಸರಾಂತ ಬೆಟ್ಟಗಳಿಲ್ಲ. ಕಣ್ಣು ಹರಿಯುವಷ್ಟು ದೂರ ಮೆಕ್ಕೆಜೋಳದ ಹೊಲಗಳು, ಹುಲ್ಲುಗಾವಲುಗಳು, ದನಗಳು. ಇಡೀ ಸಂಸ್ಥಾನದ ಜನಸಂಖ್ಯೆ ಇಪ್ಪತ್ತು ಲಕ್ಷದ ಆಸುಪಾಸಿನದು. ನಮ್ಮ ಮುಂಬಯಿಯ ಉಪನಗರದ ಕೆಲವು ವಾರ್ಡುಗಳನ್ನು ಕೂಡಿಸಿದರೆ ಅಷ್ಟು ಜನ ಸಿಕ್ಕಾರು. ಇಂತಹ ನಾಡಿನ ರಾಜಧಾನಿಯಾದ ಲಿಂಕನ್ ನಗರದ ವಿಶ್ವವಿದ್ಯಾನಿಲಯಕ್ಕೆ ಒಂದು ಫುಟ್‌ಬಾಲ್ ತಂಡವಿದೆ. ಅದರ ಮೈದಾನದಲ್ಲಿ ಸುಮಾರು 85,000 ಜನ ಕೂಡತಕ್ಕ ಸ್ಥಳವಿದ್ದು, ಆಟವಿರುವ ಶನಿವಾರದಂದು, ಓಮಾಹ ಮತ್ತು ಲಿಂಕನ್ ನಗರಗಳನ್ನು ಬಿಟ್ಟರೆ, ಆ ಮೈದಾನವೇ ಸಂಸ್ಥಾನದ ಮೂರನೆಯ ದೊಡ್ಡ ಊರಾಗಿಬಿಡುತ್ತದೆ.

1962ನೆಯ ಇಸವಿ ನವೆಂಬರ್ 3ರಿಂದ ಮೊದಲ್ಗೊಂಡು ಆ ಮೈದಾನದ ಪ್ರತಿಯೊಂದು ಆಟಕ್ಕೂ ಟಿಕೀಟುಗಳೆಲ್ಲ ಮಾರಾಟವಾಗಿಹೋಗಿವೆ. ಕೊರೋನಾ ಪಿಡುಗಿನ 2020ರಲ್ಲಿ ಪ್ರೇಕ್ಷಕರನ್ನೇ ಬಿಡದಿದ್ದುದರಿಂದ ಆ ವರ್ಷವೊಂದನ್ನು ಲೆಕ್ಕಕ್ಕೆ ಹಿಡಿದಿಲ್ಲ. 2024ರ ಸೆಪ್ಟೆಂಬರ್ 20ರಂದು ಹೀಗೆ ತುಂಬಿದ ಮೈದಾನದ ನಾನೂರನೆಯ ಆಟ ನಡೆಯಿತು. ಆ ಶುಭದಿನದಂದು ತಂಡವು ಇಲಿನಾಯ್ ವಿಶ್ವವಿದ್ಯಾನಿಲಯದವರ ಕೈಯಲ್ಲಿ, ಹೆಚ್ಚುವರಿ ಅವಧಿಯವರೆಗೂ ಎಳೆದಾಡಿ, 31-24ರಿಂದ ಸೋತಿತು. ಆ ತಂಡದ ಇತ್ತೀಚಿನ ಚರಿತ್ರೆಯೆಲ್ಲ ಈ ಒಂದು ಸಂಜೆಯಲ್ಲಿ ಅಡಗಿದೆ.

ಇದು ಕೂಪರೇಜ್ ಮೈದಾನದಲ್ಲಿ ನಮ್ಮ ವಾಚಕರು ಕಂಡಿರುವ ಫುಟ್‌ಬಾಲ್ ಅಲ್ಲ ಎಂಬುದನ್ನು ಮೊದಲೇ ತಿಳಿಸಿಬಿಡುವೆವು. ಹೆಸರಿನಲ್ಲಿ ಕಾಲಿದ್ದರೂ ಈ ಆಟದಲ್ಲಿ ಕಾಲಿಗೆ ಕೆಲಸ ಸ್ವಲ್ಪ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡಬೇಕು, ಇಲ್ಲವೇ ಎಸೆಯಬೇಕು. ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದೆ ಸರಿದರೆ ಇನ್ನೂ ನಾಲ್ಕು ಯತ್ನಗಳು ದೊರೆಯುವವು. ಸರಿಯದಿದ್ದರೆ ಚೆಂಡು ಎದುರಾಳಿಯ ಪಾಲು. ಗೆರೆ ದಾಟಿಸಿದರೆ 6 ಅಂಕ, ಅದರ ಮೇಲೊಂದು ಒದೆತಕ್ಕೆ 1. ಆ ಒದೆತದ ಬದಲು ಇನ್ನೊಮ್ಮೆ ಗೆರೆ ದಾಟಿಸಲು ಯತ್ನಿಸಿ ಗೆದ್ದರೆ 2. ಗೆರೆ ದಾಟಲಾಗದೆ ದೂರದಿಂದ ಕಂಬಗಳ ನಡುವೆ ಒದ್ದರೆ 3. ಎಂದರೆ ಒಂದು ಸರದಿಯಲ್ಲಿ ಗಳಿಸಬಹುದಾದುದು ಹೆಚ್ಚೆಂದರೆ 8 ಅಂಕ. ಈ ಎಂಟರ ಲೆಕ್ಕವನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುವುದು.

ನೆಬ್ರಾಸ್ಕಕ್ಕೆ ಸಂಬಳದ ಆಟಗಾರರ ದೊಡ್ಡ ತಂಡವೊಂದೂ ಇಲ್ಲ. ಆದುದರಿಂದ ರೈತನಿಗೂ ಬ್ಯಾಂಕಿನ ಗುಮಾಸ್ತನಿಗೂ ಕಸಾಯಿಖಾನೆಯ ಕೂಲಿಗೂ ಈ ವಿದ್ಯಾರ್ಥಿಗಳ ತಂಡವೇ ಸರ್ವಸ್ವ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬೇರೆ ಸಂಸ್ಥಾನಗಳಿಗೆ ಹೋದ ನೆಬ್ರಾಸ್ಕದವರು ಶನಿವಾರ ಒಂದೆಡೆ ಕಲೆತು, ಕೆಂಪು ಅಂಗಿ ತೊಟ್ಟು, ಆಟ ನೋಡುವರು. 2000ದ ಸೆಪ್ಟೆಂಬರಿನಲ್ಲಿ ನೋಟರ್ ಡೇಮ್ ಎಂಬಲ್ಲಿಯ ಹೆಸರಾಂತ ಮೈದಾನಕ್ಕೆ ಇವರು ಹತ್ತಾರು ಸಾವಿರ ಸಂಖ್ಯೆಯಲ್ಲಿ ನುಗ್ಗಿ ಪರರ ಮನೆಯನ್ನೇ ಕೆಂಪು ಮಾಡಿದುದುಂಟು. ಊರು ಬಿಟ್ಟವರಿಗೆ ಊರಿನ ಹೆಸರು ಎಲ್ಲಿ ಕೇಳಿದರೂ ಕಿವಿ ನಿಮಿರುವುದೆಂಬುದನ್ನು ಪರಸ್ಥಳದಲ್ಲಿರುವ ನಮ್ಮ ವಾಚಕರಿಗೆ ವಿವರಿಸಬೇಕಾಗಿಲ್ಲ.

ಇವರ ಅಳಲು ಬಡವನ ಅಳಲಲ್ಲ, ಉಂಡು ಬಾಳಿದ ಮನೆಯವರ ಅಳಲು. 1962ರಲ್ಲಿ ಬಾಬ್ ಡೆವೇನಿ ಎಂಬ ತರಬೇತುದಾರನು ಬಂದನು. 1970 ಮತ್ತು 1971ರಲ್ಲಿ ತಂಡವು ರಾಷ್ಟ್ರದ ಅಗ್ರಪಟ್ಟ ಗೆದ್ದಿತು. 1973ರಲ್ಲಿ ಅವನ ಸಹಾಯಕನಾಗಿದ್ದ ಟಾಮ್ ಓಸ್ಬೋರ್ನ್ ಗಾದಿಗೇರಿ ಇಪ್ಪತ್ತೈದು ವರ್ಷ ನಡೆಸಿದನು; 1994, 1995, 1997 ಮೂರು ವರ್ಷಗಳಲ್ಲಿ ಮತ್ತೆ ಅಗ್ರಪಟ್ಟ. 1969ರಿಂದ 2001ರವರೆಗೆ ಒಂದು ವರ್ಷವೂ ತಪ್ಪದೆ ಒಂಬತ್ತು ಅಥವಾ ಅದಕ್ಕಿಂತ ಹೆಚ್ಚು ಆಟಗಳನ್ನು ಗೆದ್ದರು. ಇಷ್ಟು ದೀರ್ಘಕಾಲ ಒಂದೇ ರುಚಿ ಕಾಯ್ದುಕೊಂಡು ಬಂದ ಅಡಿಗೆಮನೆ ಜಗತ್ತಿನಲ್ಲಿ ಎಷ್ಟಿದ್ದೀತು?

ಓಸ್ಬೋರ್ನನ ನಂತರ ಬಂದ ಫ್ರಾಂಕ್ ಸೋಲಿಚ್ ಆರು ವರ್ಷಗಳಲ್ಲಿ 58 ಆಟ ಗೆದ್ದು 19 ಸೋತನು. 2003ರಲ್ಲಿ ಒಂಬತ್ತು ಗೆದ್ದು ಮೂರು ಸೋತಿರುವಾಗ, ಇಷ್ಟು ಸಾಲದೆಂದು ಅವನನ್ನು ತೆಗೆದುಹಾಕಿದರು. ಬಿಲ್ ಕ್ಯಾಲಹನ್ ಬಂದನು, ನಾಲ್ಕು ವರ್ಷಗಳಲ್ಲಿ ಹೋದನು. ಆಮೇಲೆ ಬೋ ಪೆಲೀನಿ. ಈತನು ಏಳು ವರ್ಷಗಳಲ್ಲಿ ಒಂದು ವರ್ಷವೂ ಒಂಬತ್ತಕ್ಕಿಂತ ಕಡಿಮೆ ಗೆದ್ದವನಲ್ಲ. ಆದರೆ ಹೆಚ್ಚುಕಡಿಮೆ ಪ್ರತಿವರ್ಷವೂ ಲೆಕ್ಕವಿಟ್ಟಂತೆ ನಾಲ್ಕು ಆಟ ಸೋಲುತ್ತಿದ್ದನು, ದೊಡ್ಡ ಆಟಗಳಲ್ಲಿ ಹೀನಾಯವಾಗಿ ಸೋಲುತ್ತಿದ್ದನು, ಮೇಲಾಗಿ ಬಾಯಿ ಬಲು ಹರಿತ. 2014ರ ನವೆಂಬರಿನಲ್ಲಿ ಅವನನ್ನೂ ಕಳುಹಿಸಿದರು. ಬಳಿಕ ಬಂದ ಮೈಕ್ ರೈಲಿ ಮಾತಿನಲ್ಲಿ ಬಹು ಸೌಮ್ಯ. ಮೂರು ವರ್ಷಗಳಲ್ಲಿ 19 ಗೆಲುವು, 19 ಸೋಲು. ಒಂಬತ್ತು ಗೆಲುವು ಸಾಲದೆಂದವರು ಈಗ ಒಂಬತ್ತನ್ನು ಕನಸಿನಲ್ಲಿ ಕಾಣತೊಡಗಿದರು.

ಹೀಗಿರಲು 2018ರ ಆಟಗಳಿಗಾಗಿ ಸ್ಕಾಟ್ ಫ್ರಾಸ್ಟ್ ಬಂದನು. ಊರಿನ ಮಗ, ನೆಬ್ರಾಸ್ಕದ ವುಡ್ ರಿವರ್ ಎಂಬ ಚಿಕ್ಕ ಊರಿನಲ್ಲಿ ಬೆಳೆದವನು, 1997ರ ಅಗ್ರಪಟ್ಟದ ತಂಡದಲ್ಲಿ ಚೆಂಡು ನಡೆಸಿದವನು, 2017ರಲ್ಲಿ ಫ್ಲಾರಿಡದ ಒಂದು ತಂಡವನ್ನು ಹದಿಮೂರಕ್ಕೆ ಹದಿಮೂರು ಗೆಲ್ಲಿಸಿ ಬಂದವನು. ಏಳು ವರ್ಷದ ಕರಾರು, ವರ್ಷಕ್ಕೆ 50 ಲಕ್ಷ ಡಾಲರು. ಜನರ ಹರ್ಷಕ್ಕೆ ಪಾರವಿರಲಿಲ್ಲ. ಮೊದಲ ಆಟ ಸಿಡಿಲು ಮಳೆಗೆ ನಿಂತುಹೋಯಿತು. ಆಮೇಲೆ ಸಾಲಾಗಿ ಆರು ಸೋಲು.

ನಾವು ಮುಖ್ಯವಾಗಿ ಹೇಳಬಯಸುವುದು 2021ರ ಕಥೆಯನ್ನು. ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ಜಮಾ-ಖರ್ಚು ಬರೆದ ಕೈ ನಮ್ಮದಾದುದರಿಂದ ಅಂಕೆಗಳನ್ನು ಕೂಡಿಸಿ ನೋಡಿದೆವು. ಆ ವರ್ಷ ಮೂರು ಗೆಲುವು: 52-7, 28-3, 56-7. ಒಟ್ಟು ಲಾಭ 119 ಅಂಕ. ಒಂಬತ್ತು ಸೋಲು, ಅಂತರ ಕ್ರಮವಾಗಿ 8, 7, 3, 3, 7, 5, 9, 7, 7. ಒಟ್ಟು ನಷ್ಟ 56 ಅಂಕ. ವರ್ಷದ ಕೊನೆಗೆ 63 ಅಂಕಗಳ ನಿವ್ವಳ ಲಾಭ ತೋರಿಸಿದ ಈ ಅಂಗಡಿ ಹನ್ನೆರಡರಲ್ಲಿ ಒಂಬತ್ತು ದಿನ ಬಾಗಿಲೆಳೆದು ಅತ್ತಿತು! ಒಂದು ಸೋಲನ್ನು ಬಿಟ್ಟರೆ ಉಳಿದೆಲ್ಲವೂ ಒಂದು ಸರದಿಯ ಎಂಟು ಅಂಕಗಳೊಳಗಿನವು. ದುರ್ಬಲ ತಂಡವು ಹೀಗೆ ಸೋಲುವುದಿಲ್ಲ. ಬಲವುಳ್ಳ ತಂಡವು ಇಷ್ಟು ಸಲ ಸೋಲುವುದಿಲ್ಲ. ಅಭಿಮಾನಿಗೆ ಹುಚ್ಚು ಹಿಡಿಸಿದುದು ಇದೇ.

ಸೋತ ಬಗೆಗಳನ್ನಾದರೂ ಕೇಳಿ. ಓಕ್ಲಹೋಮದ ಮೇಲಿನ ಆಟದಲ್ಲಿ ಒಂದಂಕದ ಸುಲಭದ ಒದೆತವನ್ನು ಎದುರಾಳಿಗಳು ತಡೆದು, ಚೆಂಡನ್ನೆತ್ತಿಕೊಂಡು ಮೈದಾನದುದ್ದಕ್ಕೂ ಓಡಿ, ತಾವೇ 2 ಅಂಕ ಕಟ್ಟಿಕೊಂಡರು. ಮಿಶಿಗನ್ ಸ್ಟೇಟ್ ತಂಡದೆದುರು ನೆಬ್ರಾಸ್ಕದ ರಕ್ಷಣಾ ಪಡೆ ಉತ್ತರಾರ್ಧದಲ್ಲಿ ಎದುರಾಳಿಗೆ ಒಮ್ಮೆಯೂ ಹತ್ತು ಗಜ ಸರಿಯಗೊಡಲಿಲ್ಲ. ಆದರೂ ಚೆಂಡನ್ನು ಒದ್ದು ಕಳುಹಿಸುವವನು ಒಂದು ಬದಿಗೆ ಒದೆಯಬೇಕಾದುದನ್ನು ಇನ್ನೊಂದು ಬದಿಗೆ ಒದ್ದ. ಕಾಯಬೇಕಾದವರೆಲ್ಲ ಆಚೆ ಓಡುತ್ತಿದ್ದರು. ಎದುರಾಳಿ ಈಚೆಯಿಂದ ಚೆಂಡು ಹಿಡಿದು ಗೆರೆ ಮುಟ್ಟಿದ. ಸಮವಾಯಿತು, ಆಮೇಲೆ ಸೋಲಾಯಿತು. ಮಿಶಿಗನ್ ಮೇಲೆ ಕೊನೆಯ ನಿಮಿಷಗಳಲ್ಲಿ ಚೆಂಡು ಕೈಜಾರಿತು. ಅಯೋವಾ ಮೇಲೆ 21-6 ಮುಂದಿದ್ದು 28-21ರಿಂದ ಸೋತರು.

ಇಂತಹ ಸೋಲುಗಳನ್ನು ದುರದೃಷ್ಟವೆನ್ನುವವರಿದ್ದಾರೆ. ನಾವು ಒಪ್ಪಲಾರೆವು. ಒಂದು ದಿನ ಸಾಂಬಾರಿಗೆ ಉಪ್ಪು ಹೆಚ್ಚಾದರೆ ದುರದೃಷ್ಟವೆನ್ನೋಣ. ವಾರಕ್ಕೆ ಮೂರು ದಿನ ಆದರೆ ಉಪ್ಪಿನ ಡಬ್ಬಿಯ ಬಳಿ ಯಾರೂ ನಿಂತಿಲ್ಲವೆಂದೇ ಅರ್ಥ. ಫ್ರಾಸ್ಟನ ಅವಧಿಯಲ್ಲಿ ಎಂಟು ಅಂಕಗಳೊಳಗೆ ಮುಗಿದ ಆಟಗಳಲ್ಲಿ ಗೆದ್ದುದು 5, ಸೋತುದು 22. ನಾಣ್ಯ ಚಿಮ್ಮಿದ್ದರೂ ಹದಿಮೂರು ಹದಿನಾಲ್ಕು ಗೆಲ್ಲಬೇಕಿತ್ತು. ಒದೆತದ ವಿಭಾಗವೆಂಬುದು ಹೋಟೆಲಿನ ಪಾತ್ರೆ ತೊಳೆಯುವ ಜಾಗದಂತೆ; ಯಾರ ಕಣ್ಣಿಗೂ ಬೀಳದು, ಯಾರೂ ಹೊಗಳರು, ಅಲ್ಲಿ ಕೊಳೆ ಉಳಿದರೆ ಮಾತ್ರ ಗಿರಾಕಿ ಎದ್ದುಹೋಗುವನು. ಆ ವಿಭಾಗವನ್ನು ತರಬೇತುದಾರನು ಕಡೆಗಣಿಸಿದನೆಂಬ ಅಭಿಮಾನಿಗಳ ಆರೋಪ ನಮಗೆ ನ್ಯಾಯವಾದುದಾಗಿ ಕಾಣುತ್ತದೆ.

ಆ ವರ್ಷದ ನವೆಂಬರಿನಲ್ಲಿ ನಾಲ್ವರು ಸಹಾಯಕರನ್ನು ತೆಗೆದರು, ಯಜಮಾನನ ಸಂಬಳ 40 ಲಕ್ಷ ಡಾಲರಿಗೆ ಇಳಿಯಿತು, ಯಜಮಾನನು ಉಳಿದನು. 2022ರ ಆಗಸ್ಟಿನಲ್ಲಿ ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ನಾರ್ತ್‌ವೆಸ್ಟರ್ನ್ ಮೇಲೆ 28-17 ಮುಂದಿದ್ದಾಗ, ಯಾವ ಅಗತ್ಯವೂ ಇಲ್ಲದೆ, ಚೆಂಡನ್ನು ಕಿರಿದಾಗಿ ಒದ್ದು ತಾವೇ ಕಸಿದುಕೊಳ್ಳುವ ಜೂಜನ್ನು ಆಡಿಸಿದನು. ಜೂಜು ತಪ್ಪಿತು; 31-28ರಿಂದ ಸೋತರು. ಕಡಲು ದಾಟಿ ಹೋಗಿದ್ದ ಅಭಿಮಾನಿಗಳು ಅದೇ ಕಡಲನ್ನು ಮೌನವಾಗಿ ದಾಟಿ ಮರಳಿದರು. ಎರಡು ವಾರಗಳಲ್ಲಿ ಜಾರ್ಜಿಯಾ ಸದರ್ನ್ ಎಂಬ, ಅಷ್ಟಾಗಿ ಹೆಸರಿಲ್ಲದ ತಂಡವು ಲಿಂಕನ್ನಿಗೇ ಬಂದು, 642 ಗಜ ಉತ್ತು, 45-42ರಿಂದ ಗೆದ್ದಿತು. ಅದುವರೆಗೆ ಸ್ವಂತ ಮೈದಾನದಲ್ಲಿ 35 ಅಥವಾ ಹೆಚ್ಚು ಅಂಕ ಗಳಿಸಿದ 214 ಆಟಗಳಲ್ಲಿ ನೆಬ್ರಾಸ್ಕವು ಒಂದನ್ನೂ ಸೋತಿರಲಿಲ್ಲ.

ಮರುದಿನ, ಸೆಪ್ಟೆಂಬರ್ 11ರಂದು, ಫ್ರಾಸ್ಟನನ್ನು ಬಿಡಿಸಿದರು. ಅಕ್ಟೋಬರ್ 1ರವರೆಗೆ ಕಾದಿದ್ದರೆ ಕರಾರಿನಂತೆ ತೆರಬೇಕಾದ ಪರಿಹಾರ 75 ಲಕ್ಷ ಡಾಲರಿಗೆ ಇಳಿಯುತ್ತಿತ್ತು. ಇಪ್ಪತ್ತು ದಿನ ತಾಳಲಾರದೆ ಒಂದೂವರೆ ಕೋಟಿ ಡಾಲರು, ಅಂದಿನ ದರದಲ್ಲಿ ಸುಮಾರು 120 ಕೋಟಿ ರೂಪಾಯಿ, ತೆತ್ತರು. ಕೆಲಸ ಕೆಡಿಸಿದವನಿಗೆ ಇಷ್ಟು ಹಣವೇ ಎಂದು ನಮ್ಮ ಮಾಣಿಗಳೂ ಭಟ್ಟರೂ ಬೆರಗಾಗುವುದು ಸಹಜ. ನಮ್ಮ ಕಡೆ ಅಂಥವನಿಗೆ ಆ ತಿಂಗಳ ಪಗಾರ ಚುಕ್ತಾ ಆದರೆ ಹೆಚ್ಚು. ಅಲ್ಲಿಯಾದರೋ ಇದೇ ರಿವಾಜು. 2023ರಲ್ಲಿ ಟೆಕ್ಸಸ್ ಎ ಆಂಡ್ ಎಮ್ ವಿಶ್ವವಿದ್ಯಾನಿಲಯವು ಜಿಂಬೋ ಫಿಶರ್ ಎಂಬವನನ್ನು ಬಿಡಿಸಲು ಏಳೂವರೆ ಕೋಟಿ ಡಾಲರಿಗೂ ಮಿಕ್ಕಿ ಒಪ್ಪಿಕೊಂಡಿತು.

ತಪ್ಪೆಲ್ಲ ತರಬೇತುದಾರರದೇ ಎಂದು ನಾವು ಹೇಳುವುದಿಲ್ಲ. 2011ರಲ್ಲಿ ನೆಬ್ರಾಸ್ಕವು ತನ್ನ ಹಳೆಯ ಕೂಟವನ್ನು ಬಿಟ್ಟು ಬಿಗ್ ಟೆನ್ ಎಂಬ ಕೂಟವನ್ನು ಸೇರಿತು. ಹಣ ಹೆಚ್ಚಿತು, ಆದರೆ ಟೆಕ್ಸಸಿನ ಊರುಗಳಲ್ಲಿ ಪ್ರತಿವರ್ಷ ಆಡಿ, ಅಲ್ಲಿಯ ಚುರುಕು ಹುಡುಗರನ್ನು ಕರೆತರುತ್ತಿದ್ದ ದಾರಿ ಮಸುಕಾಯಿತು. ಕೂಟದ ಪ್ರಶಸ್ತಿಯೊಂದನ್ನು ಅವರು ಗೆದ್ದುದು 1999ರಲ್ಲಿಯೇ ಕೊನೆ. ಇನ್ನು 2021ರಿಂದ ಆಟಗಾರನು ವಿದ್ಯಾಲಯ ಬದಲಿಸಿದರೆ ಒಂದು ವರ್ಷ ಕುಳಿತು ಕಾಯಬೇಕೆಂಬ ಹಳೆಯ ನಿಯಮ ಸಡಿಲವಾಯಿತು. ಅದೇ ವರ್ಷದಿಂದ ಆಟಗಾರರು ತಮ್ಮ ಹೆಸರಿನ ಮೇಲೆ ಹಣ ಗಳಿಸಬಹುದಾಯಿತು. 2025ರಿಂದ ವಿದ್ಯಾಲಯಗಳೇ ನೇರವಾಗಿ ಹಣ ಕೊಡಬಹುದಾಗಿದೆ. ಆಟಗಾರರು ಹಣ ಪಡೆಯುವುದು ನಮಗೆ ನ್ಯಾಯವೆಂದೇ ತೋರುತ್ತದೆ. ದುಡಿದವನಿಗೆ ಕೂಲಿ ಸಲ್ಲಬೇಕು. ಆದರೆ ಎದುರು ಬೀದಿಯ ಹೋಟೆಲಿನಲ್ಲಿ ಹೆಚ್ಚು ಕೊಡುವರೆಂದು ದೋಸೆ ಹೊಯ್ಯುವವನು ವರ್ಷಕ್ಕೊಮ್ಮೆ ಬದಲಾದರೆ, ಕಾವಲಿಯ ಹದ ಕಾಯುವುದು ಎಷ್ಟು ಕಷ್ಟವೆಂಬುದನ್ನು ಕಂಡವರೇ ಬಲ್ಲರು.

ಅಭಿಮಾನಿಗಳಿಗೂ ಒಂದು ಮಾತು ಹೇಳಬೇಕು. ಅವರು ಇಂದಿಗೂ ಪೂಜಿಸುವ ಓಸ್ಬೋರ್ನನು ಪರಮವೈರಿ ಓಕ್ಲಹೋಮದ ಮೇಲೆ ತನ್ನ ಮೊದಲ ಐದು ವರ್ಷವೂ ಸೋತವನು. 1978ರಲ್ಲಿ ಮೊದಲ ಬಾರಿ ಗೆದ್ದನು. ಅಗ್ರಪಟ್ಟಕ್ಕೆ 1994ರವರೆಗೆ ಕಾಯಬೇಕಾಯಿತು. ಇಂದಿನ ತಾಳ್ಮೆಯ ಅಳತೆಯಲ್ಲಿ ಅವನು ಎಂದೋ ಮನೆಗೆ ಹೋಗುತ್ತಿದ್ದನು. ಆದರೆ ಅವನ ತಂಡವು ಆ ವರ್ಷಗಳಲ್ಲಿಯೂ ಪ್ರತಿವರ್ಷ ಒಂಬತ್ತು ಗೆಲ್ಲುತ್ತಿತ್ತು, ತಾಳ್ಮೆಗೆ ಆಧಾರವಿತ್ತು. ಈಗಿನವರನ್ನು ಕಾಯಿರಿ ಎಂದರೆ, ಯಾವುದನ್ನು ನಂಬಿ ಕಾಯಬೇಕೆಂದು ಅವರು ಕೇಳಿದರೆ ಅದು ಉದ್ಧಟತನವಲ್ಲ. ಇಷ್ಟೆಲ್ಲ ಆದರೂ ಟಿಕೀಟು ಕೊಳ್ಳುವುದನ್ನು ಅವರು ಬಿಟ್ಟಿಲ್ಲ. ಗೆದ್ದು ಹೊರಡುವ ಎದುರಾಳಿ ತಂಡಕ್ಕೆ ಎದ್ದುನಿಂತು ಚಪ್ಪಾಳೆ ತಟ್ಟುವ ತಮ್ಮ ಹಳೆಯ ಪದ್ಧತಿಯನ್ನೂ ಬಿಟ್ಟಿಲ್ಲ.

2022ರ ನವೆಂಬರಿನಲ್ಲಿ ಮ್ಯಾಟ್ ರೂಲ್ ಎಂಬವನನ್ನು ಎಂಟು ವರ್ಷಗಳಿಗೆ 7 ಕೋಟಿ 40 ಲಕ್ಷ ಡಾಲರಿಗೆ ಗೊತ್ತುಮಾಡಿದರು. 2023ರಲ್ಲಿ ಐದು ಗೆದ್ದು, ವರ್ಷಾಂತ್ಯದ ಪಂದ್ಯದ ಅರ್ಹತೆಗೆ ಇನ್ನೊಂದೇ ಗೆಲುವು ಬೇಕಾಗಿರುವಾಗ, ಕೊನೆಯ ನಾಲ್ಕನ್ನೂ ಸೋತರು. ಅದರಲ್ಲಿ ಮೇರಿಲೆಂಡ್ ಮತ್ತು ಅಯೋವಾ ಎರಡೂ ಕೊನೆಯ ಕ್ಷಣದ ಒದೆತದಿಂದ 13-10ರಲ್ಲಿ ಗೆದ್ದವು. 2024ರಲ್ಲಿ ಆರರಲ್ಲಿ ಐದು ಗೆದ್ದು ಆಸೆ ಚಿಗುರಿತು. ಕೂಡಲೇ ಇಂಡಿಯಾನ 56-7ರಿಂದ ಬಡಿಯಿತು. ಮೂರು ವರ್ಷಗಳ ಹಿಂದೆ ತಾವು ನಾರ್ತ್‌ವೆಸ್ಟರ್ನಿಗೆ ಬಡಿಸಿದ ಅದೇ ಎಲೆ, ಅದೇ ಅಳತೆ. ಆ ವರ್ಷದ ಅಯೋವಾ ಆಟವೂ ಕೊನೆಯ ಕ್ಷಣದ ಒದೆತ, 13-10. ಆದರೂ ಡಿಸೆಂಬರ್ 28ರಂದು ನ್ಯೂಯಾರ್ಕಿನಲ್ಲಿ ಬಾಸ್ಟನ್ ಕಾಲೇಜಿನ ಮೇಲೆ 20-15ರಿಂದ ಗೆದ್ದರು. 2016ರ ತರುವಾಯ ಸೋಲಿಗಿಂತ ಗೆಲುವು ಹೆಚ್ಚಿದ ಮೊದಲ ವರ್ಷ ಅದು. 2025ರ ನವೆಂಬರಿನಲ್ಲಿ ಅಯೋವಾ ಮತ್ತೆ ಬಂದು, ಈ ಸಲ ಕೊನೆಯ ಕ್ಷಣದವರೆಗೆ ಕಾಯದೆ, 40-16ರಿಂದ ಗೆದ್ದುಹೋಯಿತು.

ಇನ್ನೊಂದು ಸಂಗತಿಯನ್ನು ಹೇಳದೆ ಬಿಡಲಾರೆವು. ಅದೇ ವಿಶ್ವವಿದ್ಯಾನಿಲಯದ ಹುಡುಗಿಯರ ವಾಲಿಬಾಲ್ ತಂಡವಿದೆ. ಜಾನ್ ಕುಕ್ ಎಂಬ ಒಬ್ಬನೇ ತರಬೇತುದಾರನು 2000ದಿಂದ ಇಪ್ಪತ್ತೈದು ಋತುಗಳ ಕಾಲ ಅದನ್ನು ನಡೆಸಿ ನಾಲ್ಕು ರಾಷ್ಟ್ರಪ್ರಶಸ್ತಿ ತಂದನು. 2023ರ ಆಗಸ್ಟ್ 30ರಂದು ಫುಟ್‌ಬಾಲ್ ಮೈದಾನದ ನಡುವೆಯೇ ಅಂಕಣ ಹಾಸಿ ಆ ಹುಡುಗಿಯರನ್ನು ಆಡಿಸಿದಾಗ 92,003 ಜನ ನೆರೆದರು. ಮಹಿಳೆಯರ ಆಟವೊಂದಕ್ಕೆ ಅದುವರೆಗೆ ಅಷ್ಟು ಜನ ಸೇರಿದ ಅಧಿಕೃತ ದಾಖಲೆಯಿರಲಿಲ್ಲ. ಹುಡುಗಿಯರು ಒಂದು ಸುತ್ತನ್ನೂ ಬಿಟ್ಟುಕೊಡದೆ ಗೆದ್ದರು. ಕೆಂಪಂಗಿಯವರು ಬಹುದಿನಗಳ ಮೇಲೆ ನಗುತ್ತ ಮನೆಗೆ ಹೋದರು. ಮರುದಿನ ರೂಲನ ಫುಟ್‌ಬಾಲ್ ತಂಡವು ತನ್ನ ವರ್ಷದ ಮೊದಲ ಆಟವನ್ನು ಮಿನಿಸೋಟದಲ್ಲಿ ಆಡಿತು. ಕೊನೆಯ ಕ್ಷಣದ ಒದೆತ, ಸೋಲು 13-10.